ನೇರ ಹೋದವನ ಟ್ರಯಾಥ್ಲಾನ್

ಅರ್ಧ ಟ್ರಯಾಥ್ಲಾನಿಗೆ ಯಾವ ಊರಿನ ದಾರಿ ಚೆಂದ ಎಂಬ ವಿಷಯದಲ್ಲಿ ಇಡೀ ಮಹಾರಾಷ್ಟ್ರದಲ್ಲಿ ನನ್ನಷ್ಟು ಅಧಿಕಾರವಾಣಿಯಿಂದ ಮಾತಾಡಬಲ್ಲವರು ಇನ್ನೊಬ್ಬರಿಲ್ಲ ಎಂದು ನಾನು ಕಳೆದ ನವೆಂಬರ್‌ವರೆಗೂ ನಂಬಿದ್ದೆ.

ಅರ್ಧ ಟ್ರಯಾಥ್ಲಾನ್ ಎಂದರೆ ಏನೆಂದು ಗೊತ್ತಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ. ಹೆಚ್ಚುಕಡಿಮೆ ಎರಡು ಕಿಲೋಮೀಟರ್ ಈಜಬೇಕು. ಮೈ ಸರಿಯಾಗಿ ಒರೆಸಿಕೊಳ್ಳದೆ ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು. ಅಷ್ಟಾದ ಮೇಲೂ ಜೀವ ಉಳಿದಿದ್ದರೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಇದಕ್ಕೆ ‘ಅರ್ಧ’ ಎಂದು ಹೆಸರಿಟ್ಟ ಮಹಾನುಭಾವನ ಮನೆಯಲ್ಲಿ ಅರ್ಧ ರೊಟ್ಟಿ ಎಷ್ಟು ದೊಡ್ಡದಿರುತ್ತದೋ!

ನಾನು ಕಲಬುರಗಿ ಕಡೆಯವನು, ಬ್ಯಾಂಕ್ ನೌಕರ. ವರ್ಗಾವಣೆಯ ಕೃಪೆಯಿಂದ ನಾಶಿಕಕ್ಕೆ ಬಂದು, ಸಂಸಾರ ಹೂಡಿ, ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿ, ಹೆಂಡತಿ ಸುವರ್ಣಾಗೂ ಅದೇ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ, ಎಲ್ಲವೂ ಒಂದು ಹದಕ್ಕೆ ಬಂತು ಎನ್ನುವಾಗ ಬ್ಯಾಂಕಿನವರು ನನ್ನೊಬ್ಬನನ್ನೇ ಕಿತ್ತು ಛತ್ರಪತಿ ಸಂಭಾಜಿನಗರದ ಚಿಕಲಠಾಣಾ ಶಾಖೆಗೆ ಎಸೆದರು. ಅಲ್ಲಿ ವಿಮಾನ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದೆ. ತಲೆಯ ಮೇಲೆ ವಿಮಾನಗಳು, ಕಾಲ ಕೆಳಗೆ ಒಂಟಿ ಚಾಪೆ. ಶನಿವಾರ ಬಂತೆಂದರೆ ನಾಶಿಕದ ಬಸ್ಸು.

ನಾಶಿಕದಲ್ಲಿದ್ದಾಗ ನಾನು ಎರಡು ಸಲ ಈ ರೇಸು ಮಾಡಿದ್ದೆ. ಅದರ ದಾರಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗಂಗಾಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ನಸುಕಿನ ಮಂಜು. ತ್ರ್ಯಂಬಕದ ರಸ್ತೆಯಲ್ಲಿ ತಣ್ಣನೆಯ ಗಾಳಿ, ಪಕ್ಕದಲ್ಲಿ ಮಲಗಿದ ಬಸವಣ್ಣನ ಹಾಗೆ ಅಂಜನೇರಿ ಗುಡ್ಡ. ಆಮೇಲೆ ದ್ರಾಕ್ಷಿತೋಟಗಳ ನಡುವಿನ ಓಟ. ಒಂದು ತೋಟದ ಗೇಟಿನ ಹತ್ತಿರ ತಿರುವು. ಆ ತಿರುವಿನಲ್ಲಿ ಸುವರ್ಣಾ, ಕೈಯಲ್ಲಿ ಸ್ಟೀಲ್ ಡಬ್ಬಿ. ನಾನು ಹತ್ತಿರ ಬಂದ ಕೂಡಲೇ ಉಪ್ಪು ಸವರಿದ ನಿಂಬೆಹೋಳನ್ನು ಬಾಯಿಗೆ ತುರುಕಿ, ಊರೆಲ್ಲ ಕೇಳುವಂತೆ ಕೂಗುತ್ತಿದ್ದಳು.

“ಹೊಟ್ಟಿ ಒಳಗ ತಗೋರಿ! ಹಿಂದಿಂದ ಒಬ್ಬ ಮುದುಕಪ್ಪ ಬರ್ಲಕತ್ತಾನ! ಮರ್ಯಾದಿ ಕಳೀಬ್ಯಾಡ್ರಿ!”

ಮುದುಕಪ್ಪ ಎರಡೂ ಸಲ ನನ್ನನ್ನು ದಾಟಿ ಹೋದ. ಆದರೂ ಆ ದಾರಿಯಂಥ ದಾರಿ ಇನ್ನೊಂದಿಲ್ಲ ಎಂದು ನಾನು ಚಿಕಲಠಾಣಾದ ಚಹಾದಂಗಡಿಯಲ್ಲಿ ದಿನವೂ ಸಾರುತ್ತಿದ್ದೆ.

ಇದನ್ನು ಕೇಳಿ ಕೇಳಿ ಕಿವಿ ತೂತಾದವರು ಜಾಧವ್ ಸರ್. ನಿವೃತ್ತ ಆಟದ ಮೇಷ್ಟ್ರು, ಸಂಭಾಜಿನಗರದ ಈಜು-ಸೈಕಲ್-ಓಟದ ಗುಂಪಿನ ಹಿರಿಯರು, ನಮ್ಮ ಶಾಖೆಯ ಗ್ರಾಹಕರು ಕೂಡ. ಅವರ ಮಾತು ಮರಾಠಿ, ನನ್ನದು ಮರಾಠಿ ಎಂದು ನಾನು ತಿಳಿದುಕೊಂಡದ್ದು.

“ಪಾಟೀಲ್ ಸಾಹೇಬ್, ನಮ್ಮ ದಾರಿಗೆ ಏನು ಕಡಿಮೆ?” ಎಂದು ಒಂದು ದಿನ ಕೇಳಿಯೇಬಿಟ್ಟರು. “ದೌಲತಾಬಾದ್ ಕೋಟೆಯ ಬಾಗಿಲೊಳಗಿಂದ ಸೈಕಲ್ ಹೋಗುತ್ತದೆ. ಆಮೇಲೆ ಖುಲ್ದಾಬಾದಿನ ಘಾಟಿಯ ಏರು. ಜಗತ್ತಿನಲ್ಲಿ ಎಲ್ಲಿದೆ?”

“ಬಿಸಿಲು ಸರ್. ಧೂಳು. ನೆರಳಿಲ್ಲ. ದ್ರಾಕ್ಷಿ ಇಲ್ಲ,” ಎಂದೆ.

“ಸೀತಾಫಲ ಇದೆ!” ಎಂದು ಅವರು ಗುಡುಗಿದರು. “ನೀವು ಯಾವಾಗ ಆ ದಾರಿಯಲ್ಲಿ ಸೈಕಲ್ ಹೊಡೆದಿರಿ?”

ಪ್ರಶ್ನೆ ಸ್ವಲ್ಪ ಒರಟಾಗಿತ್ತು. ಶನಿವಾರ ಭಾನುವಾರ ನಾಶಿಕಕ್ಕೆ ಓಡುತ್ತಿದ್ದ ನಾನು ಈ ಊರಿನ ದಾರಿಯನ್ನು ಬಸ್ಸಿನ ಕಿಟಕಿಯಿಂದ ಬಿಟ್ಟು ಬೇರೆ ಹೇಗೂ ಕಂಡಿರಲಿಲ್ಲ. ವಾರದ ದಿನಗಳಲ್ಲಿ ಅಭ್ಯಾಸವೆಲ್ಲ ಕೋಣೆಯೊಳಗೆ, ಸ್ಟ್ಯಾಂಡಿಗೆ ಸಿಕ್ಕಿಸಿದ ಸೈಕಲ್ ಮೇಲೆ, ಗೋಡೆಯ ಕ್ಯಾಲೆಂಡರ್ ನೋಡುತ್ತಾ.

“ಈ ಸಲ ಹೊಡೆದು ತೋರಿಸುತ್ತೇನೆ. ಆಮೇಲೆ ನಿಷ್ಪಕ್ಷಪಾತವಾಗಿ ತೀರ್ಪು ಕೊಡುತ್ತೇನೆ!” ಎಂದು ಘೋಷಿಸಿದೆ.

ಒಳಗಿನ ಲೆಕ್ಕ ಬೇರೆ ಇತ್ತು. ಸುವರ್ಣಾ ಮತ್ತು ಮಗಳು ಶ್ರೇಯಾ ಒಂದು ಸಲವೂ ಸಂಭಾಜಿನಗರಕ್ಕೆ ಬಂದಿರಲಿಲ್ಲ. ‘ಅಲ್ಲೇನದ ನೋಡಾಕ? ನೀವು ಹ್ಯಾಂಗೂ ಇಲ್ಲಿಗೇ ಬರ್ತೀರಲ್ಲ’ ಎನ್ನುತ್ತಿದ್ದಳು ಸುವರ್ಣಾ. ರೇಸಿನ ನೆಪದಲ್ಲಿ ಬಂದರೆ, ಬಂದು ಊರು ಮೆಚ್ಚಿದರೆ, ಮೆಚ್ಚಿ ಮುಂದಿನ ವರ್ಷ ಇಲ್ಲೇ ಒಂದು ಶಾಲೆ ನೋಡಿಕೊಂಡರೆ... ನನ್ನ ಒಂಟಿ ಚಾಪೆಗೆ ಮುಕ್ತಿ. ಫೋನಿನಲ್ಲಿ ಬೇಡಿಕೊಂಡೆ. ಬರಲು ಒಪ್ಪಿದಳು. ದೌಲತಾಬಾದ್ ಕೋಟೆಯ ತಿರುವಿನಲ್ಲಿ ನಿಂಬೆಹೋಳು ಹಿಡಿದು ನಿಲ್ಲುವುದೆಂದು ಒಪ್ಪಂದವಾಯಿತು.

ರೇಸಿನ ದಿನ ನನ್ನ ಫೋನನ್ನು ಅವಳ ಚೀಲಕ್ಕೆ ಹಾಕಿ, ವೀರನಂತೆ ಕೆರೆಗೆ ಇಳಿದೆ.

ಈಜಿನ ಕನ್ನಡಕಕ್ಕೆ ಮಂಜು ಕವಿಯಿತು. ಏನೂ ಕಾಣದು. ಮುಂದೆ ಬೆಳ್ಳಗೆ ಒಂದು ಟೋಪಿ ಮಾತ್ರ ತೇಲುತ್ತಿತ್ತು. ಅನುಭವಿ ಈಜುಗಾರನ ಹಿಂದೆ ಹೋಗುವುದೇ ಜಾಣತನವೆಂದು ಅದರ ಬೆನ್ನು ಹತ್ತಿದೆ. ಎಷ್ಟು ಶಾಂತವಾಗಿ ಈಜುತ್ತಿದ್ದಾನೆ, ಕೈಯೂ ಆಡಿಸುತ್ತಿಲ್ಲವಲ್ಲ ಎಂದು ಅಚ್ಚರಿಪಟ್ಟೆ. ಹತ್ತಿರ ಹೋಗಿ ನೋಡಿದರೆ ಮೀನುಗಾರರು ಬಲೆಗೆ ಕಟ್ಟಿದ ಥರ್ಮಾಕೋಲಿನ ತುಂಡು!

ರಕ್ಷಣಾ ದೋಣಿಯವರು ನನ್ನನ್ನು ಸರಿದಾರಿಗೆ ತಿರುಗಿಸಿದರು. ನಾನು ದಡ ಮುಟ್ಟುವ ಹೊತ್ತಿಗೆ ಸೈಕಲ್ ನಿಲ್ಲಿಸುವ ಕಡೆ ಒಂದೇ ಸೈಕಲ್ ಉಳಿದಿತ್ತು. ಹುಡುಕುವ ಕಷ್ಟ ತಪ್ಪಿತು.

ಹೀಗೆ ನನ್ನ ಮುಂದೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ. ತುಳಿದೆ. ಊರು ದಾಟಿ ಶರಣಾಪುರ ಫಾಟಾ ಬಂತು. ಫಾಟಾ ಎಂದರೆ ಕವಲು. ಬಲಕ್ಕೆ ತಿರುಗಿದರೆ ದೌಲತಾಬಾದ್. ನೇರ ಹೋದರೆ ನಾಶಿಕ್. ಕಲಬುರಗಿಯವನಿಗೆ ‘ಶರಣ’ ಎಂಬ ಹೆಸರು ಕಂಡರೆ ತಲೆ ತಾನಾಗಿ ಬಾಗುತ್ತದೆ. ಬಾಗಿಸಿದೆ. ಬಾಣದ ಗುರುತಿನ ಫಲಕ ಆಗಲೇ ದಾಟಿಹೋಗಿರಬೇಕು. ತಲೆ ಎತ್ತಿದಾಗ ಒಬ್ಬ ಸ್ವಯಂಸೇವಕಿ ಎರಡೂ ಕೈ ಬೀಸಿ ಕುಣಿದು ಕೂಗುತ್ತಿದ್ದಳು. ಎಂಥ ಪ್ರೋತ್ಸಾಹ! ನಾಶಿಕದಲ್ಲೂ ಇಷ್ಟು ಪ್ರೀತಿ ಕಂಡಿರಲಿಲ್ಲ. ನಾನೂ ಕೈ ಬೀಸಿ, ಪ್ರತಿ ಶನಿವಾರ ನನ್ನನ್ನು ನಿದ್ದೆಯಲ್ಲೇ ಹೊತ್ತೊಯ್ಯುವ ಬಸ್ಸಿನ ಹಾಗೆ ನೇರ ಹೋದೆ.

ಅಲ್ಲಿಂದ ಮುಂದೆ ನನ್ನ ಜೀವನದ ಅತ್ಯುತ್ತಮ ಸೈಕಲ್ ಸವಾರಿ ಶುರುವಾಯಿತು. ರಸ್ತೆ ನುಣುಪು. ಗಾಳಿ ಬೆನ್ನಿಗೆ. ಘಾಟಿಯ ಸುಳಿವೇ ಇಲ್ಲ! ಜಾಧವ್ ಸರ್ ಹೆದರಿಸಿದ್ದ ಏರು ನನ್ನ ಕಾಲಿನ ಬಲಕ್ಕೆ ಸಪಾಟಾಗಿಬಿಟ್ಟಿದೆ ಎಂದುಕೊಂಡೆ. ಕೋಟೆಯೂ ಕಾಣಲಿಲ್ಲ. ವೇಗದಲ್ಲಿ ಗಮನಿಸದೆ ದಾಟಿರಬೇಕು. ಆದರೆ ಸುವರ್ಣಾ? ಬಹುಶಃ ಶ್ರೇಯಾಳಿಗೆ ಹಸಿವಾಗಿ ತಿಂಡಿಗೆ ಹೋಗಿರುತ್ತಾಳೆ. ಸ್ವಲ್ಪ ಬೇಸರವಾಯಿತು. ನಿಂಬೆಹೋಳಿಗಿಂತ ಆ ಬೈಗುಳ ಇಲ್ಲದೆ ಬಾಯಿ ಸಪ್ಪೆಯೆನಿಸಿತು.

ಕುಡಿಯುವ ನೀರಿನ ಮೇಜು ಮಾತ್ರ ಎಲ್ಲೂ ಇಲ್ಲ. ‘ವ್ಯವಸ್ಥೆ ಶೋಚನೀಯ’ ಎಂದು ಮನಸ್ಸಿನಲ್ಲೇ ತೀರ್ಪು ಬರೆಯತೊಡಗಿದೆ. ಆಗ ರಸ್ತೆ ಬದಿಯ ಒಂದು ಧಾಬಾದ ಮಾಲೀಕ ನನ್ನ ತೋಳಿನ ಮೇಲೆ ಬರೆದಿದ್ದ ನಂಬರು ನೋಡಿ ಓಡಿಬಂದ. ನೀರು ಕೊಟ್ಟ, ಚಹಾ ಕೊಟ್ಟ, ಬೇಡವೆಂದರೂ ಕೇಳದೆ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಇಷ್ಟು ಭಕ್ತಿಯ ಸ್ವಯಂಸೇವಕನೇ!

“ಒಬ್ಬರೇ ಹೊರಟಿರಾ? ಉಳಿದವರೆಲ್ಲ?” ಎಂದು ಕೇಳಿದ.

“ಎಲ್ಲರೂ ಮುಂದೆ ಹೋಗಿದ್ದಾರೆ.”

“ಮತ್ತೆ ಪಲ್ಲಕ್ಕಿ?”

“ಪಲ್ಲಕ್ಕಿಯೆ?”

“ಬಾಬಾಂದು. ಶಿರಡಿಗೆ ಹರಕೆ ಹೊತ್ತು ಹೋಗುವವರಿಂದ ನಾವು ಚಹಾಕ್ಕೆ ದುಡ್ಡು ತಗೊಳ್ಳುವುದಿಲ್ಲ ಸಾಹೇಬ್.”

ಚಹಾದ ಲೋಟ ಕೆಳಗಿಟ್ಟೆ. “ಈ ದಾರಿ ಶಿರಡಿಗೆ ಹೋಗುತ್ತದೆಯೇ?”

“ವೈಜಾಪುರದ ಆಚೆ ಎಡಕ್ಕೆ ಹೊರಳಬೇಕು. ಹೊರಳದೆ ಹೋದರೆ ಯೇವಲಾ, ಆಮೇಲೆ ನಾಶಿಕ್.”

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ನಾಚಿಕೆಯಲ್ಲ. ನಾಶಿಕ್ ಎಂದ ಕೂಡಲೇ ನಮ್ಮ ಮನೆಯ ಬಾಗಿಲು, ಬಾಗಿಲ ಮುಂದಿನ ಚಪ್ಪಲಿಗಳು, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಎಲ್ಲ ಒಮ್ಮೆಗೇ ನುಗ್ಗಿ ಬಂದವು. ರೇಸು ಹಾಳಾಗಲಿ, ಹೀಗೇ ತುಳಿಯುತ್ತಾ ಮನೆಗೆ ಹೋಗಿಬಿಡೋಣವೇ ಎನಿಸಿತು. ಆಮೇಲೆ ನೆನಪಾಯಿತು. ಮನೆಗೆ ಬೀಗ ಹಾಕಿದೆ. ಮನೆಯೇ ಎದ್ದು ನನ್ನನ್ನು ನೋಡಲು ದೌಲತಾಬಾದಿಗೆ ಬಂದು ನಿಂತಿದೆ!

ಮಾಲೀಕನ ಫೋನು ಇಸಿದುಕೊಂಡೆ. ಹೆಂಡತಿಯ ನಂಬರು ನೆನಪಿಗೆ ಬರಲಿಲ್ಲ. ನೆನಪಿದ್ದದ್ದು ನನ್ನ ನಂಬರು ಒಂದೇ. ನನಗೆ ನಾನೇ ಫೋನ್ ಮಾಡಿದೆ. ಸುವರ್ಣಾ ಎತ್ತಿದಳು. ಗಾಬರಿಗೆ ನನ್ನ ‘ಹಲೋ’ ಯಾರದೋ ಧ್ವನಿಯಂತೆ ಹೊರಟಿತು. ಬ್ಯಾಂಕಿನ ಯಾರೋ ಗ್ರಾಹಕ ಎಂದು ಅವಳು ಮರಾಠಿಯಲ್ಲಿ ಶುರುಮಾಡಿದಳು.

“ಸಾಹೇಬರು ಈಗ ಸಿಗುವುದಿಲ್ಲ. ರೇಸಿನಲ್ಲಿದ್ದಾರೆ.”

ನನಗೆ ಏನು ಬುದ್ಧಿ ಬಂತೋ, ಮರಾಠಿಯಲ್ಲೇ ಕೇಳಿದೆ. “ಯಾವ ರೇಸು?”

“ಈಜಬೇಕು, ಸೈಕಲ್ ಹೊಡೆಯಬೇಕು, ಓಡಬೇಕು. ಈ ವಯಸ್ಸಿನಲ್ಲಿ ಯಾರು ಮಾಡುತ್ತಾರೆ ಹೇಳಿ? ಹಟ ಹಿಡಿದರೆ ಬಿಡುವವರಲ್ಲ. ಎಲ್ಲರೂ ದಾಟಿ ಹೋದರು, ಅವರಿನ್ನೂ ಬಂದಿಲ್ಲ. ಆದರೆ ಬರುತ್ತಾರೆ. ನಾನು ಇಲ್ಲೇ ನಿಂತಿದ್ದೇನೆ.”

ಫೋನ್ ಇಟ್ಟಳು.

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಎದುರಿಗೆ ಅವಳು ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅಪರಿಚಿತನಿಗೆ ಹೇಳಿದಳು. ಆ ಅಪರಿಚಿತ ಧಾಬಾದ ಹಗ್ಗದ ಮಂಚದ ಮೇಲೆ ಕೂತು ಉಳಿದ ಚಹಾ ಮುಗಿಸಿದ. ಆಮೇಲೆ ಬೇರೆ ದಾರಿ ಇಲ್ಲದೆ ಮತ್ತೆ ಫೋನ್ ಹಚ್ಚಿದ.

“ಸುವರ್ಣಾ, ನಾನು.”

“ನಾನು ಅಂದ್ರ ಯಾರು?”

“ನಿನ್ನ ಗಂಡ.”

“ಏನ್ರೀ! ರೇಸ್ ಬಿಟ್ಟು ಫೋನ್ ಮಾಡ್ಕೋತ ಕುಂತೀರಿ? ಮೊದಲ ಸೈಕಲ್ ಹೊಡೀರಿ!”

“ಎಲ್ಲಿಗಿ ಹೊಡೀಲಿ? ದಾರಿ ತಪ್ಪೀನಿ. ನಾಶಿಕ್ ರೋಡಿನ ಮ್ಯಾಲ ಇದೀನಿ.”

ಆಮೇಲೆ ಮೆಲ್ಲಗೆ ಕೇಳಿದಳು. “ಮತ್ತ ಈಗ ಮರಾಠಿಯೊಳಗ ಮಾತಾಡಿದವ್ರು?”

“ಅವನೂ ನಾನೇ.”

ಫೋನನ್ನು ಮಾಲೀಕನ ಕೈಗಿಟ್ಟೆ.

ಮರಳಿ ಹೊರಟೆ. ಬೆನ್ನಿಗಿದ್ದ ಗಾಳಿ ಈಗ ಎದೆಗೆ. ಸ್ವಲ್ಪ ದೂರ ಹೋಗುವುದರಲ್ಲಿ ಜಾಲಿಮುಳ್ಳು ಚುಚ್ಚಿ ಚಕ್ರ ಉಸಿರು ಬಿಟ್ಟಿತು. ಚಿಂತೆ ಇಲ್ಲ, ಟ್ಯೂಬು ಬದಲಿಸುವ ವಿಡಿಯೋಗಳನ್ನು ನಾನು ಎಷ್ಟೋ ಸಲ ನೋಡಿದ್ದೆ. ನೋಡಿದ ವಿದ್ಯೆಯನ್ನೆಲ್ಲ ಧಾರೆಯೆರೆದು ಹೊಸ ಟ್ಯೂಬನ್ನೂ ಹರಿದೆ! ಕೊನೆಗೆ ಉಳ್ಳಾಗಡ್ಡಿ ತುಂಬಿದ ಟೆಂಪೋ ಒಂದು ನಿಂತಿತು. ಚೀಲಗಳ ಮೇಲೆ ಸೈಕಲ್, ಸೈಕಲ್ ಪಕ್ಕ ನಾನು. ಕಣ್ಣಲ್ಲಿ ನೀರು ಸುರಿಯಿತು. ಉಳ್ಳಾಗಡ್ಡಿಯ ದೆಸೆಯಿಂದ ಎಂದು ಹೇಳಿಕೊಳ್ಳಲು ಅನುಕೂಲವಾಯಿತು.

ಟೆಂಪೋದವನು ಪುಣ್ಯಾತ್ಮ, ಫಾಟಾದಲ್ಲಿ ಇಳಿಸದೆ ಕೋಟೆಯ ತಿರುವಿನವರೆಗೂ ಬಂದ. ರೇಸಿನ ಫಲಕಗಳನ್ನು ಆಗಲೇ ಕಿತ್ತಿದ್ದರು. ಜಾಧವ್ ಸರ್ ನನ್ನನ್ನು ಹುಡುಕಲು ಮೋಟರ್‌ಸೈಕಲ್ ಶುರುಮಾಡುತ್ತಿದ್ದರು. ಟೆಂಪೋ ಮೇಲಿಂದ ಇಳಿದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಾಪ, ನಗು ತಡೆದುಕೊಂಡು ಕೇಳಿದರು.

“ಹೇಗಿದೆ ಸಾಹೇಬ್ ನಮ್ಮ ದಾರಿ?”

“ಇನ್ನೂ ನೋಡಿಲ್ಲ ಸರ್,” ಎಂದೆ. ತಡೆದಿದ್ದ ನಗು ಒಡೆಯಿತು.

ಶ್ರೇಯಾ ಓಡಿಬಂದಳು. “ಪಪ್ಪಾ, ಕಾಂದಾ ವಾಸ ಬರ್ತದ!” ಎಂದು ಉಳ್ಳಾಗಡ್ಡಿಯ ನಾತಕ್ಕೆ ಮೂಗು ಮುಚ್ಚಿಕೊಂಡಳು. ಸುವರ್ಣಾ ಮರದ ನೆರಳಿನಲ್ಲಿ ಕಲ್ಲಿನ ಮೇಲೆ ಕೂತು ಸೀತಾಫಲ ತಿನ್ನುತ್ತಿದ್ದಳು. ಪಕ್ಕದಲ್ಲಿ ಬೀಜದ ಒಂದು ಗುಡ್ಡ. ಬೈಗುಳಕ್ಕೆ ತಲೆ ಒಡ್ಡಿ ನಿಂತೆ.

ಬೈಯಲಿಲ್ಲ. “ಭಾಳ ಛಲೋ ಜಾಗಾ ಅದ್ರಿ ಇದು,” ಎಂದಳು. “ನಾಶಿಕದಾಗ ನೀವು ಬರ್ತೀರಿ ಅಂತ ಬಿಸಲಾಗ ಓಡ್ಯಾಡಿ ಓಡ್ಯಾಡಿ ನನ್ನ ಕಾಲು ಸೋತು ಹೋಗ್ತಿದ್ವು. ಇಲ್ಲಿ ನೆರಳು, ಹಣ್ಣು, ಕೋಟಿ. ಇಷ್ಟ್ ಹೊತ್ತು ಯಾರೂ ಬರಲಿಲ್ಲ. ಎಷ್ಟು ಆರಾಮ ಆತು! ನನ್ನ ಕೇಳಿದ್ರ ಈ ರೇಸೇ ಛಲೋ.”

ನಿಷ್ಪಕ್ಷಪಾತ ತೀರ್ಪು ಹೀಗೆ ಹೊರಬಿತ್ತು. ಕೊಟ್ಟವನು ನಾನಲ್ಲ, ಅಷ್ಟೇ.

ಆಮೇಲೆ ಮೂವರೂ ಕೋಟೆಯ ಗೋಡೆಯ ಪಕ್ಕ ನಿಧಾನವಾಗಿ ನಡೆದೆವು. ಸೈಕಲ್ ತಳ್ಳುತ್ತಾ ನಾನು, ಡಬ್ಬಿ ಹಿಡಿದು ಅವಳು. ಬಾಡಿದ ನಿಂಬೆಹೋಳನ್ನು ನನ್ನ ಬಾಯಿಗೆ ಇಟ್ಟು, ಬೇರೆ ಕಡೆ ನೋಡುತ್ತಾ ಹೇಳಿದಳು. “ಶ್ರೇಯಾನ ಹತ್ತನೇದು ಮುಗೀಲಿ. ಈ ಊರಾಗ ಸಾಲಿ ಇರಲಾರ್ದಂಗ ಇರ್ತಾವೇನು? ನೋಡೋಣು.”

ಯಾವ ಪದಕವೂ ಅಷ್ಟು ತೂಕವಿರಲಾರದು.

ಸಂಜೆ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಪ್ರತಿ ಸಲ ಹೋಗುವವನು ನಾನು, ಉಳಿಯುವವರು ಅವರು. ಈ ಸಲ ತಿರುವುಮುರುವು. ಅವರನ್ನು ಬಸ್ಸಿಗೆ ಹತ್ತಿಸಿ, ನೀರಿನ ಬಾಟಲಿ ತರಲು ಹೋಗಿ ಬರುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಓಡಿದೆ. ಬೆಳಗಿನಿಂದ ಬಾಕಿ ಉಳಿದಿದ್ದ ಓಟವನ್ನೆಲ್ಲ ಅಲ್ಲೇ ಓಡಿದೆ. ಸಿಗಲಿಲ್ಲ. ಕಿಟಕಿಯ ಕಡೆ ಕೈ ಬೀಸಿದೆ, ಕಣ್ಣು ಮಂಜಾಯಿತು. ಬಸ್ಸು ಗೇಟು ದಾಟುವವರೆಗೂ ಕೈ ಇಳಿಸಲಿಲ್ಲ.

“ಪಪ್ಪಾ! ಇಕಡೇ!” ಎಂದು ಬೆನ್ನ ಹಿಂದೆ ಯಾರೋ ಕೂಗಿದರು.

ತಿರುಗಿದೆ. ನಾಶಿಕದ ಬಸ್ಸು ನಿಂತಲ್ಲೇ ನಿಂತಿತ್ತು. ಕಿಟಕಿಯಲ್ಲಿ ಶ್ರೇಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾನು ಕಣ್ಣೀರಿಟ್ಟು ಬೀಳ್ಕೊಟ್ಟದ್ದು ಜಾಲನಾದ ಬಸ್ಸನ್ನು! ಅದರ ಹಿಂದಿನ ಸೀಟಿನ ಮುದುಕಿಯೊಬ್ಬಳು ಮಾತ್ರ, ಯಾರ ಮಗನೋ ಪಾಪ ಎಂದುಕೊಂಡಿರಬೇಕು, ನನಗೆ ತುಂಬ ಅಕ್ಕರೆಯಿಂದ ಕೈ ಬೀಸುತ್ತಾ ಹೋದಳು.