ಎರಡು ಗಾಡಿ, ಒಂದು ದೇಗು

ಗಂಗಾವತಿಯಲ್ಲಿ ಮುನವ್ವರನ ಮನೆ ಇರುವ ಓಣಿಯಲ್ಲಿ ಒಂದೇ ಕಾರು ಹಿಡಿಯುತ್ತದೆ. ಮುನವ್ವರನ ಹತ್ತಿರ ಎರಡಿದ್ದವು. ಅವನ ಸಂಸಾರದ ಸಕಲ ತಾಪತ್ರಯಗಳ ಮೂಲ ಇಷ್ಟೇ.

ಒಂದು ಬಿಳಿ ವ್ಯಾನು. ಅದು ದುಡಿಯುವ ಗಾಡಿ. ಮುನವ್ವರನ ಶಾಮಿಯಾನಾ ಅಂಗಡಿಯ ಕಂಬ, ಕುರ್ಚಿ, ಜಮಖಾನೆಗಳನ್ನೂ, ಅವನ ಹೆಂಡತಿ ಅತೀಯಾ ಮದುವೆ ಮನೆಗಳಿಗೆ ಮಾಡಿಕೊಡುವ ದಾಲ್ಚಾದ ದೇಗನ್ನೂ ಹೊರುತ್ತಿತ್ತು. (ದೇಗು ಎಂದರೆ ಕಲಾಯಿ ಹಾಕಿದ ತಾಮ್ರದ ದೊಡ್ಡ ಪಾತ್ರೆ, ಒಳಗೆ ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂಡಬಹುದು. ದಾಲ್ಚಾ ಎಂದರೆ ಬೇಳೆ, ಸೋರೆಕಾಯಿ, ಮಾಂಸ, ಹುಣಸೆಹುಳಿ ಇವೆಲ್ಲ ಜಗಳ ಬಿಟ್ಟು ಒಂದಾದ ಸಾರು. ಬಿರಿಯಾನಿ ಯಾರಾದರೂ ಮಾಡಲಿ, ದಾಲ್ಚಾ ಮಾತ್ರ ಅತೀಯಾಳ ಮನೆಯದೇ ಆಗಬೇಕೆಂದು ಸುತ್ತಲಿನ ಊರುಗಳು ಒಪ್ಪಿಕೊಂಡು ಬಹಳ ವರ್ಷವಾಗಿತ್ತು.)

ಇನ್ನೊಂದು ಕೆಂಪು ಕಾರು. ಹೈದರಾಬಾದಿನಿಂದ ತಂದ ಸೆಕೆಂಡ್ ಹ್ಯಾಂಡ್ ಸುಂದರಿ. ಅದು ಓಡುವ ಗಾಡಿ. ಓಡುವುದನ್ನು ಬಿಟ್ಟರೆ ಬೇರೆ ಯಾವ ಕೆಲಸವೂ ಅದಕ್ಕೆ ಗೊತ್ತಿರಲಿಲ್ಲ. ನೆಲಕ್ಕೆ ಅಂಟಿಕೊಂಡೇ ಹೋಗುತ್ತಿದ್ದುದರಿಂದ ದಾರಿಯ ಪ್ರತಿ ಉಬ್ಬಿಗೂ ಹೊಟ್ಟೆ ಉಜ್ಜಿಕೊಳ್ಳುತ್ತಿತ್ತು. ಹಿಂದಿನ ಸೀಟಿನಲ್ಲಿ ಒಂದು ಟಿಫಿನ್ ಡಬ್ಬಿ ಆರಾಮವಾಗಿ ಕೂಡಬಹುದಿತ್ತು. ಮುನವ್ವರ ಶುಕ್ರವಾರದ ಜುಮ್ಮಾ ನಮಾಜು ಮುಗಿಸಿ ಅದನ್ನು ಕೊಪ್ಪಳದ ರಸ್ತೆಗೆ ಒಯ್ದು, ಗಾಳಿಯ ಜೊತೆ ಪಂದ್ಯ ಕಟ್ಟಿ, ಗೆದ್ದ ಮುಖ ಹೊತ್ತು ಬರುತ್ತಿದ್ದ. ಆ ಹೊತ್ತಿನಲ್ಲಿ ಅವನಿಂದ ಏನು ಕೇಳಿದರೂ ಸಿಗುತ್ತದೆಂದು ಮನೆಯವರೆಲ್ಲ ತಿಳಿದಿದ್ದರು.

ವ್ಯಾನು ಒಳಗೆ, ಕಾರು ಹೊರಗೆ. ವ್ಯಾನು ತೆಗೆಯಬೇಕಾದರೆ ಮೊದಲು ಕಾರು ಹಿಂದೆ ಸರಿಯಬೇಕು. ಕಾರು ಸರಿಯಬೇಕಾದರೆ ಎದುರುಮನೆಯ ಅಂದಪ್ಪನ ಎಮ್ಮೆ ಏಳಬೇಕು. ಎಮ್ಮೆ ಏಳಬೇಕಾದರೆ ಅಂದಪ್ಪ ಏಳಬೇಕು. ಅಂದಪ್ಪ ಏಳುವುದು ತನಗೆ ಬೇಕಾದಾಗ. ದಿನಾ ಬೆಳಗಾದರೆ ಈ ಮಹಾಪ್ರಸ್ಥಾನ ನಡೆಯಲೇಬೇಕು.

ಒಂದು ಬೆಳಿಗ್ಗೆ ಎಮ್ಮೆ ಏಳುವುದಿಲ್ಲವೆಂದು ಹಟ ಹಿಡಿದಾಗ ಮುನವ್ವರನಿಗೆ ಜ್ಞಾನೋದಯವಾಯಿತು.

“ಅತೀಯಾ, ಎರಡೂ ಮಾರಿಬಿಡೂಣು. ಎಲ್ಲಾ ಕೆಲಸಕ್ಕೂ ಬರೋ ಒಂದ ಗಾಡಿ ತರೂಣು. ದೇಗನೂ ಹೊರಬೇಕು, ಗಾಳಿ ಹಂಗೂ ಹೋಗಬೇಕು.”

ಅತೀಯಾ ಬೇಳೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಗಾಡಿ ಎರಡನ್ನ ಒಂದ ಮಾಡಬೌದ್ರಿ. ನಿಮ್ಮನ್ನ ಹ್ಯಾಂಗ ಒಂದ ಮಾಡೋದು?”

“ನಾ ಒಬ್ಬನೇ ಅದೀನಲ್ಲ.”

“ಎಲ್ಲಿ ಒಬ್ಬರು? ವ್ಯಾನಿನಾಗ ಕುಂತರ ಹಜ್‌ಗೆ ಹೋಗಿ ಬಂದವರಂಗ ಇರ್ತೀರಿ. ಕೆಂಪು ಕಾರಿನಾಗ ಕುಂತರ ಹಜ್‌ಗೆ ಹೊತ್ತಾತು ಅನ್ನೋರಂಗ ಹೋಗ್ತೀರಿ. ಹೊಸಾ ಗಾಡಿಯಾಗ ಯಾರು ಕೂಡ್ತಾರ ಅದನ್ನ ಹೇಳ್ರಿ ಮೊದಲ.”

ಮುನವ್ವರನ ತಾಯಿ ಶಾಹಜಾದಬಿ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಾ ಸೊಸೆಯ ಮಾತಿಗೆ ತಲೆಯಾಡಿಸಿದಳು. ವ್ಯಾನಿಗೆ ವೇಗವೇ ಇರಲಿಲ್ಲ, ಆದ್ದರಿಂದ ದಾಲ್ಚಾ ಸುರಕ್ಷಿತವಾಗಿತ್ತು. ಕೆಂಪು ಕಾರಿನಲ್ಲಿ ದಾಲ್ಚಾ ಇರುತ್ತಿರಲಿಲ್ಲ, ಆದ್ದರಿಂದ ವೇಗ ಸುರಕ್ಷಿತವಾಗಿತ್ತು. ಎರಡನ್ನೂ ಒಂದೇ ಚಾವಣಿಯ ಕೆಳಗೆ ತಂದರೆ ಗತಿಯೇನು ಎಂಬುದು ಅತೀಯಾಳ ಚಿಂತೆ. ಅವಳ ಹೆಸರು ಇದ್ದದ್ದು ಆ ದಾಲ್ಚಾದಲ್ಲಿ. ಒಂದು ಮದುವೆಗೆ ಅರ್ಧ ದೇಗು ಹೋದರೆ ಮರುದಿನ ಊರೆಲ್ಲ ಅದೇ ಮಾತು.

ಕಡೆಗೆ ಒಪ್ಪಂದವಾಯಿತು. ಹೊಸ ಗಾಡಿ ಬರಲಿ. ಆದರೆ ಅದರಲ್ಲಿ ಒಂದು ಹನಿ ದಾಲ್ಚಾ ಚೆಲ್ಲಿದರೂ ಅದನ್ನು ಮಾರಿ ಸಾಮಾನು ಹೊರುವ ಮೂರು ಗಾಲಿಯ ಟಂಟಂ ತರುವುದು. ಮುನವ್ವರ ಆಮೇಲೆ ಜೀವಮಾನವಿಡೀ ಅದರಲ್ಲೇ ಓಡಾಡುವುದು. ಮುನವ್ವರ ಎದೆ ಮುಟ್ಟಿಕೊಂಡು ಹೂಂ ಅಂದ. ವ್ಯಾನು ಅಳವಂಡಿಯ ತರಕಾರಿಯವನಿಗೆ ಹೋಯಿತು. ಕೆಂಪು ಕಾರನ್ನು ಅತೀಯಾಳ ತಮ್ಮ ಅಕ್ಬರ ತಾನೇ ತೆಗೆದುಕೊಂಡ. ಅದು ಓಣಿ ದಾಟಿ ಹೋಗುವಾಗ ಮುನವ್ವರ ಬಾಗಿಲಲ್ಲಿ ನಿಂತು ಮಗಳನ್ನು ಗಂಡನ ಮನೆಗೆ ಕಳಿಸಿದವನಂತೆ ಮೂಗು ಒರೆಸಿಕೊಂಡ.

ಕಾರಿನ ಶೋರೂಮಿಗೆ ಜನ ಸಾಮಾನ್ಯವಾಗಿ ಆಧಾರ್ ಕಾರ್ಡು ಒಯ್ಯುತ್ತಾರೆ. ಈ ಮನೆಯವರು ದೇಗು ಒಯ್ದರು. ಇಬ್ಬರು ಆಳುಗಳು ಅದನ್ನು ಹೊತ್ತು ಗಾಜಿನ ಬಾಗಿಲಲ್ಲಿ ಓರೆ ಮಾಡಿ ಒಳಗೆ ತಂದಾಗ, ಟೈ ಕಟ್ಟಿದ ಹುಡುಗ ಎದ್ದು ನಿಂತ.

“ಇದರ ಡಿಕ್ಕಿ ಐನೂರ ಲೀಟರ್ ಐತ್ರಿ ಮೇಡಮ್” ಎಂದು ಅವನು ಹೇಳಿದ.

“ಐನೂರ ಲೀಟರ ದಾಲ್ಚಾ ಯಾವ ಮದುವಿಗೂ ಬೇಕಾಗಂಗಿಲ್ಲ ಬಿಡಪ್ಪಾ” ಎಂದಳು ಶಾಹಜಾದಬಿ. “ಅಷ್ಟ ತಿಂದರ ಮದುಮಗ ಏಳಂಗಿಲ್ಲ.”

“ಲೀಟರ್ ಇರ್ಲಿ” ಅಂದಳು ಅತೀಯಾ. “ದೇಗ ಕೂಡ್ತೈತೇನ?”

ದೇಗನ್ನು ಗಾಡಿ ಗಾಡಿಗೂ ಹತ್ತಿಸಿ ಇಳಿಸಲಾಯಿತು. ವಧು ಪರೀಕ್ಷೆಯಂತೆ ಒಂದೊಂದಕ್ಕೂ ಒಂದೊಂದು ದೋಷ. ಒಂದರ ಬಾಗಿಲು ಸಣ್ಣದು, ಒಂದರ ನೆಲ ಇಳಿಜಾರು, ಒಂದರಲ್ಲಿ ದೇಗು ಹಿಡಿಯಿತು ಆದರೆ ಮುಚ್ಚಳ ಹೊರಗುಳಿಯಿತು. ಕೊನೆಗೆ ಒಂದು ಬೂದು ಬಣ್ಣದ ಎತ್ತರದ ಗಾಡಿಯಲ್ಲಿ, ಹಿಂದಿನ ಸೀಟಿನ ಅರ್ಧ ಮಡಚಿದರೆ, ದೇಗು ಡ್ರೈವರನ ಬೆನ್ನ ಹಿಂದೆ ಹೇಳಿ ಮಾಡಿಸಿದಂತೆ ಕೂತಿತು. ಉಳಿದ ಅರ್ಧದಲ್ಲಿ ಅತೀಯಾ ಕೂತಳು. ಮುನವ್ವರ ಎಂಜಿನ್ ಶುರು ಮಾಡಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಗಾಡಿ ಮುಂದಕ್ಕೆ ಜಿಗಿದು ನಿಂತಿತು. ಅವನ ಮುಖ ಅರಳಿದ್ದನ್ನು ಅತೀಯಾ ಕನ್ನಡಿಯಲ್ಲಿ ನೋಡಿದಳು. ಏನೂ ಅನ್ನಲಿಲ್ಲ. (ಅವಳು ಏನೂ ಅನ್ನದಿದ್ದರೆ ಗಂಡ ಹೆದರಬೇಕು. ಆದರೆ ಹೊಸ ಗಾಡಿಯ ಮುಂದೆ ಯಾವ ಗಂಡನಿಗೆ ಬುದ್ಧಿ ಇರುತ್ತದೆ?)

ಆನೆಗೊಂದಿಯಲ್ಲಿ ಒಂದು ವಲೀಮಾ, ಎಂದರೆ ಮದುವೆಯಾದ ಮೇಲೆ ಗಂಡಿನ ಕಡೆಯವರು ಹಾಕುವ ಊಟ, ಬಂತು. ಹೊಸ ಗಾಡಿಯ ಮೊದಲ ಸವಾರಿ. ಬೆಳಗಿನಿಂದ ಇಡೀ ಓಣಿ ದಾಲ್ಚಾದ ವಾಸನೆಯಲ್ಲಿ ತೇಲುತ್ತಿತ್ತು. ಮುನವ್ವರ ಬಿಳಿ ಶೇರ್ವಾನಿ ಇಸ್ತ್ರಿ ಮಾಡಿಸಿಕೊಂಡು ಬರುವಷ್ಟರಲ್ಲಿ ದೇಗು ಗಾಡಿಯೊಳಗಿತ್ತು. ಬಿಸಿ ಆರಬಾರದೆಂಬಂತೆ ಸುತ್ತ ಕೌದಿ ಹೊದಿಸಿ, ಮುಚ್ಚಳಕ್ಕೆ ಬಟ್ಟೆ ಬಿಗಿದಿದ್ದರು. ಅತೀಯಾ ಪಕ್ಕದಲ್ಲಿ ಕೂತಿದ್ದಳು.

“ನೆನಪೈತಲ್ರಿ?” ಅಂದಳು.

“ಟಂಟಂ” ಅಂದ ಮುನವ್ವರ ಗಂಭೀರವಾಗಿ.

ಅವನು ಹೊರಟ ಚಂದವನ್ನು ನೋಡಬೇಕಿತ್ತು. ಗಾಡಿ ಓಡಿಸುತ್ತಿದ್ದಾನೋ ಮಲಗಿದ ಕೂಸನ್ನು ಎತ್ತಿಕೊಂಡಿದ್ದಾನೋ ತಿಳಿಯದಂತೆ ಹೋದ. ಊರ ಹೊರಗೆ ಟ್ರ್ಯಾಕ್ಟರು ಅವನನ್ನು ದಾಟಿತು. ಆಮೇಲೆ ಮೇವಿನ ಹೊರೆ ಹೊತ್ತ ಮೊಪೆಡ್ಡು ದಾಟಿತು. ಮುನವ್ವರ ನಕ್ಕು ದಾರಿ ಬಿಟ್ಟ. ಎಡಕ್ಕೆ ಕೊಯ್ದ ಭತ್ತದ ಗದ್ದೆ, ಬಲಕ್ಕೆ ಕಾಲುವೆ, ದೂರದಲ್ಲಿ ಆನೆಗೊಂದಿಯ ಬಂಡೆಗುಡ್ಡ. ತನ್ನೊಳಗೆ ಇಷ್ಟು ದೊಡ್ಡ ಸಂತ ಅಡಗಿದ್ದನೆಂದು ಅವನಿಗೇ ಗೊತ್ತಿರಲಿಲ್ಲ.

ಆಗ ಹಿಂದಿನಿಂದ ಹಾರ್ನು ಕೇಳಿತು. ಆ ಹಾರ್ನನ್ನು ತಾನೇ ಆರಿಸಿ ಹಾಕಿಸಿದ್ದ. ಕೆಂಪು ಕಾರು ಸುಂಯ್ಯನೆ ಪಕ್ಕಕ್ಕೆ ಬಂತು. ಒಳಗಿಂದ ಅಕ್ಬರ ಎರಡು ಬೆರಳೆತ್ತಿ ಸಲಾಮು ಹೊಡೆದು ಮುಂದೆ ಹೋದ. ಹೋದವನು ಹೋಗಬೇಕಲ್ಲ? ಮುಂದೆ ನಿಧಾನ ಮಾಡಿ, ಇವನು ಹತ್ತಿರ ಬಂದ ಕೂಡಲೇ ಮತ್ತೆ ಜಿಗಿದ.

“ನೋಡಿದೇನ ನಿನ್ನ ತಮ್ಮನ ಹುಚ್ಚಾಟ?”

“ಹೋಗ್ಲಿ ಬಿಡ್ರಿ. ಅವನ ಗಾಡಿ ಜೋರ ಐತಿ.”

“ಅವನ ಗಾಡಿ? ಅದು ನನ್ನ ಗಾಡಿ.”

“ನಿಮ್ಮದು ಇತ್ತು. ಈಗ ನಿಮ್ಮದು ಇದು. ಇದು ಪಾಪ, ದೇಗ ಹೊರೋದು.”

ಪಾಪ ಎಂಬ ಮಾತು ಮುನವ್ವರನ ಎಲುಬಿಗೆ ತಾಗಿತು. ಸಂತ ಗಾಡಿಯಿಂದ ಇಳಿದು ಹೋದ. ಕಾಲು ತಾನಾಗಿ ಕೆಳಗೆ ಇಳಿಯಿತು. ಬೂದು ಗಾಡಿ ಒಮ್ಮೆ ಗುರುಗುಟ್ಟಿ ರಸ್ತೆಯನ್ನೇ ನುಂಗತೊಡಗಿತು. ಎಂಥ ಗಾಡಿ. ದೇಗು ಹೊತ್ತೂ ಹೀಗೆ ಹೋಗುತ್ತದೆ. ಅವನ ಮನಸ್ಸು ತುಂಬಿ ಬಂತು. ಬಾಳೆತೋಟದ ಹತ್ತಿರ ಅಕ್ಬರನನ್ನು ಹಿಡಿದ, ದಾಟಿದ, ಕನ್ನಡಿಯಲ್ಲಿ ಕೆಂಪು ಕಾರು ಸಣ್ಣದಾಗುವುದನ್ನು ಕಣ್ತುಂಬ ನೋಡಿದ. ಆ ಸಂತೋಷದಲ್ಲಿ ತಿರುವು ಬಂದದ್ದು ಕಾಣಲಿಲ್ಲ.

ತಿರುವಿನಾಚೆ ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ಅಂಚಿಗೆ ಕಲ್ಲು ಸಾಲಾಗಿಟ್ಟಿದ್ದರು. ಉಳಿದರ್ಧದಲ್ಲಿ ಒಬ್ಬ ಮುದುಕಿ ನಿಂತಿದ್ದಳು.

ಮುನವ್ವರ ಬ್ರೇಕಿನ ಮೇಲೆ ನಿಂತ. ಗಾಡಿ ನಿಂತಿತು, ಮುದುಕಿಯೂ ನಿಂತಲ್ಲೇ ಇದ್ದಳು. ದೇಗಿನೊಳಗಿನದು ಮಾತ್ರ ನಿಲ್ಲಲಿಲ್ಲ. ಮುಚ್ಚಳ ಢಣ್ಣೆಂದು ಹಾರಿತು. ಪ್ರವಾಹವೊಂದು ಸೀಟಿನ ಮೇಲಿಂದ ಎದ್ದು ಅವನ ಟೋಪಿ, ಕಿವಿ, ಕುತ್ತಿಗೆ, ಶೇರ್ವಾನಿ ಎಲ್ಲವನ್ನೂ ಒಂದೇ ಸಲ ಮುಳುಗಿಸಿತು.

ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತ. ಕುದಿಯುವ ದಾಲ್ಚಾ. ಬೆನ್ನು ಸುಟ್ಟಿತು ಎಂದುಕೊಂಡ. ವಲೀಮಾದ ಜನ ಬರೀ ಬಿರಿಯಾನಿ ನೋಡುತ್ತಾ ಕೂತಂತೆ, ಅತೀಯಾ ಇನ್ನು ಯಾವ ಮದುವೆ ಮನೆಗೂ ಮುಖ ತೋರಿಸದಂತೆ, ತಾನು ಟಂಟಂನಲ್ಲೇ ಮುದುಕನಾದಂತೆ, ಎಲ್ಲಾ ಕಣ್ಣೊಳಗೆ ಬಂದು ಹೋದವು. ಅವನಿಗೆ ನಿಜವಾಗಿ ಅಳು ಬಂತು. ಟಂಟಂ ಹಾಳಾಗಲಿ, ಆಕೆ ನಸುಕಿನಿಂದ ಒಲೆಯ ಮುಂದೆ ಬೆಂದದ್ದು ವ್ಯರ್ಥವಾಯಿತಲ್ಲ.

“ಅತೀಯಾ, ತಪ್ಪಾತು” ಅಂದ.

ಬಾಯಿ ತೆರೆದಾಗ ಮೀಸೆಯಿಂದ ಒಂದಿಷ್ಟು ಒಳಗೆ ಇಳಿಯಿತು. ಉಪ್ಪಿಲ್ಲ. ಹುಳಿಯಿಲ್ಲ. ಖಾರವಿಲ್ಲ. ಬೆನ್ನೂ ಸುಡುತ್ತಿರಲಿಲ್ಲ. ಚಳಿಗೆ ಹಲ್ಲು ಕಟಕಟಿಸುತ್ತಿತ್ತು.

“ಕಣ್ಣ ತಗೀರಿ” ಅಂದಳು ಅತೀಯಾ. “ನೀರದು.”

“ದಾಲ್ಚಾ?”

“ನೀವು ಇಸ್ತ್ರಿಗೆ ಹೋದಾಗ ನಮ್ಮ ಓಣಿ ರಾಜಾಸಾಬನ ಟಂಟಂನಾಗ ಹೋತು. ಇಷ್ಟೊತ್ತಿಗೆ ಮುಟ್ಟಿರಬೇಕು. ಇನ್ನೊಂದು ದೇಗಿನಾಗ ಹಾಕಿ ಕಳಿಸೀನಿ. ಗಾಡಿ ಪರೀಕ್ಷಾ ಶೋರೂಮಿನಾಗ ಆಗಿತ್ತು. ನಿಮ್ಮದು ಬಾಕಿ ಇತ್ತು.”

ಹಿಂದೆ ಕೆಂಪು ಕಾರು ನಿಂತಿತು. ಅಕ್ಬರ ಇಳಿದು ಬಂದು ಮಡಚಿದ ಟವೆಲನ್ನು ಕಿಟಕಿಯೊಳಗೆ ಚಾಚಿದ.

“ಭಾಯಿ, ನಂದೇನೂ ತಪ್ಪಿಲ್ರಿ. ಎಲ್ಲಿ ಹಾರ್ನ್ ಹೊಡೀಬೇಕು, ಎಲ್ಲಿ ನಿಂದರಬೇಕು, ಎಲ್ಲಾ ಆಪಾನೇ ಹೇಳಿದ್ಲು. ಟವೆಲ್ಲೂ ಆಕೇನೇ ಕೊಟ್ಟಿದ್ದು” ಎಂದು ಅಕ್ಕನ ಕಡೆ ತೋರಿಸಿದ.

ಬಾಗಿಲ ಸಂದಿಯಿಂದ ನೀರು ಇಳಿದು ಭತ್ತದ ಕಡೆ ಹರಿಯತೊಡಗಿತ್ತು. ಮುದುಕಿ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು. “ನಾ ಇಲ್ಲಿ ಒಣಗಸಾಕ ಹಾಕೀನಿ ತಮ್ಮಾ, ತೋಯಿಸಾಕ ಅಲ್ಲ” ಅಂದಳು. ಮುನವ್ವರ ಇಳಿದು, ಒದ್ದೆ ಶೇರ್ವಾನಿಯಲ್ಲೇ, ಬರಿಗಾಲಿನಿಂದ ಅವಳ ಭತ್ತ ಹಿಂದೆ ಸರಿಸಿಕೊಟ್ಟ. ಆಮೇಲೆ ಬಂದು ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತ.

“ಟಂಟಂ ಯಾವಾಗ ತರೂಣು?” ಅಂದ.

ಅತೀಯಾ ಅವನ ಮೀಸೆಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿದಳು. ಅವನು ತಪ್ಪಾತು ಅಂದಾಗ ದನಿ ಒಡೆದದ್ದು ಅವಳಿಗೆ ಕೇಳಿತ್ತು.

“ದಾಲ್ಚಾ ಚೆಲ್ಲಿದರ ಅಂತ ಮಾತಾಗಿತ್ತು. ನೀರಿಂದು ಮಾತಾಗಿರಲಿಲ್ಲ” ಅಂದಳು. “ಇನ್ನಾ ಅರ್ಧ ದೇಗ ಉಳದೈತಿ. ಅದನ್ನ ಆನೆಗೊಂದಿ ಮುಟ್ಟಸ್ರಿ, ನೋಡೂಣು.”

ಮುನವ್ವರ ಮುಟ್ಟಿಸಿದ. ಅಕ್ಬರ ಎರಡು ಸಲ ಹಾರ್ನು ಹೊಡೆದರೂ ಕತ್ತು ಹೊರಳಿಸಲಿಲ್ಲ. ವಲೀಮಾ ಮನೆಯ ಮುಂದೆ ದೇಗು ಇಳಿಸಿದಾಗ ಕೌದಿಯ ಮೇಲೆ ಹೊಸ ಒದ್ದೆ ಇರಲಿಲ್ಲ. ಆ ನೀರಿನಲ್ಲಿ ನೆಂಟರು ಕೈ ತೊಳೆದರು. ಒಂದು ಹನಿ ಚೆಲ್ಲದೆ ತಂದ ನೀರೆಂದು ಮುನವ್ವರ ಎಲ್ಲರಿಗೂ ಹೇಳಿದ. ಅದರಲ್ಲಿ ಹೆಚ್ಚುಗಾರಿಕೆ ಏನೆಂದು ಯಾರಿಗೂ ತಿಳಿಯಲಿಲ್ಲ, ಅತೀಯಾ ಮಾತ್ರ ಸೆರಗಿನ ಮರೆಯಲ್ಲಿ ನಕ್ಕಳು. ಆ ನಗು ನೋಡಿ ಅವನು ಖುಷಿಯಿಂದ ದಾಲ್ಚಾ ಹಾಕಿಸಿಕೊಂಡ, ಮತ್ತೆ ಹಾಕಿಸಿಕೊಂಡ, ಬಡಿಸುವವರು ಸಾಕೇ ಎಂದಾಗ ಮತ್ತೊಂದು ಸೌಟು ಎಂದ. ಗಾಡಿ ಉಳಿಯಿತು, ಹೆಂಡತಿಯ ಹೆಸರೂ ಉಳಿಯಿತು, ತಾನೂ ಒಬ್ಬನೇ ಮನುಷ್ಯನಾಗಬಲ್ಲೆ ಎಂಬ ಭರವಸೆ ಅವನಿಗೆ ಮೊದಲ ಸಲ ಬಂದಿತ್ತು.

ಬಿಸಿಲು ಇಳಿದಾಗ ಖಾಲಿ ದೇಗು ಹತ್ತಿಸಿ ಹೊರಟರು. ಮುನವ್ವರ ಡ್ರೈವರ್ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅತೀಯಾ ಅಂಗೈ ಚಾಚಿದಳು.

“ಚಾವಿ ಕೊಡ್ರಿ. ಈಗ ದೇಗ ಖಾಲಿ ಐತಿ.”

“ನೀ ಓಡಸ್ತೀ?”

“ವ್ಯಾನಿನಾಗ ಇಷ್ಟ ವರ್ಷ ಸಂತಿಗೆ ಹೋಗಿ ಬರಲಿಲ್ಲೇನ? ಆದರ ಅದು ಓಡತಿರಲಿಲ್ಲ. ಓಡೋದಂದರ ಹ್ಯಾಂಗ ಇರತೈತಿ ನಾನೂ ಒಮ್ಮಿ ನೋಡ್ತೀನಿ.”

ಮುನವ್ವರ ಹಿಂದೆ ಹೋಗಿ ದೇಗನ್ನು ತಬ್ಬಿಕೊಂಡು ಕೂತ. ಗಾಡಿ ಊರು ದಾಟಿತು. ಬಂಡೆಗುಡ್ಡಗಳು ಮೊದಲು ನಡೆದು, ಆಮೇಲೆ ಓಡಿ, ಆಮೇಲೆ ಹಾರಿ ಹಿಂದೆ ಹೋದವು. ಮುಂದಿದ್ದ ಕೆಂಪು ಕಾರು ಹತ್ತಿರ ಬಂತು, ಪಕ್ಕಕ್ಕೆ ಬಂತು, ಇಲ್ಲವಾಯಿತು. ಅತೀಯಾ ಅಕ್ಬರನ ಕಡೆ ತಿರುಗಿಯೂ ನೋಡಲಿಲ್ಲ.

“ಅತೀಯಾ, ಸ್ವಲ್ಪ ನಿಧಾನ” ಅಂದ ಮುನವ್ವರ.

“ಯಾಕ್ರಿ? ದೇಗ ಖಾಲಿ ಐತಲ್ಲ.”

ದೇಗು ಖಾಲಿ ಇತ್ತು, ನಿಜ. ಆದರೆ ಆ ದಿನದ ದಾಲ್ಚಾದಲ್ಲಿ ಒಂದು ದೊಡ್ಡ ಪಾಲು ಮುನವ್ವರನ ಹೊಟ್ಟೆಯಲ್ಲಿತ್ತು, ಮತ್ತು ಅದು ಆಗಲೇ ಕುಲುಕತೊಡಗಿತ್ತು. ತಿರುವು ಬಂತು. ಅವನು ಕಣ್ಣು ಮುಚ್ಚಿ, ತುಟಿ ಬಿಗಿದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಒಂದು ಹನಿಯೂ ಚೆಲ್ಲದಂತೆ ಮನೆ ಮುಟ್ಟಿಸುವ ಜವಾಬ್ದಾರಿ ಈಗ ಅವನೊಬ್ಬನದೇ ಆಗಿತ್ತು.