ಅಂಚೆಯಲ್ಲಿ ಬಂದ ಪದಕ

ರಾಜರ ಕಾಲ ಮುಗಿಯಿತು ಎಂದು ಶಾಲೆಯಲ್ಲಿ ಓದಿದವಳು ನಾನು. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ಮೇಲೆ ಗೊತ್ತಾಯಿತು, ನಮ್ಮ ಮಾವನವರ ಮಟ್ಟಿಗೆ ಅದಿನ್ನೂ ಮುಗಿದಿರಲಿಲ್ಲ. ವರ್ಷಕ್ಕೆ ಒಂದೆರಡು ಸಲವಾದರೂ ಆ ಕಾಲ ನಮ್ಮ ಎರಡು ಕೋಣೆಯ ಮನೆಗೆ ಬಂದು ಏನಾದರೊಂದು ಫಜೀತಿ ಮಾಡಿಯೇ ಹೋಗುತ್ತಿತ್ತು.

ಎಲ್ಲಕ್ಕೂ ಕಾರಣ ಒಂದು ಪದಕ. ಮಾವನವರ ತಂದೆ ಉತ್ತರ ಕರ್ನಾಟಕದ ಒಂದು ಪುಟ್ಟ ಸಂಸ್ಥಾನದ ಅರಮನೆಯಲ್ಲಿ ಗಡಿಯಾರಗಳಿಗೆ ಕೀಲಿ ಕೊಡುವ ಕೆಲಸದಲ್ಲಿದ್ದರು. ಕಡೆಯ ದಸರಾ ದರ್ಬಾರಿನಲ್ಲಿ ಅರಸರು ಅವರಿಗೆ ರಾಜಸೇವೆಯ ಪದಕ ಘೋಷಿಸಿದರು. ಪದಕ ಮುಂಬಯಿಯಲ್ಲಿ ತಯಾರಾಗಿ ಬರುವಷ್ಟರಲ್ಲಿ ಸಂಸ್ಥಾನವೇ ವಿಲೀನವಾಗಿತ್ತು. ಅರಸರ ಕೈಯಿಂದ ಎದೆಗೇರಬೇಕಾದದ್ದು ಪೋಸ್ಟ್‌ಮನ್ ಕೈಯಿಂದ ಮನೆಗೆ ಬಂತು. ಅರಸರು ಹಾಕಿದ್ದಲ್ಲವಲ್ಲ ಎಂದು ಆ ಹಿರಿಯರು ಸಾಯುವ ತನಕ ಅದನ್ನು ತೊಡಲಿಲ್ಲವಂತೆ. ಆ ರಾಜಮನೆತನದ ಯಾರಾದರೂ ಒಬ್ಬರು ಕೈಯಾರೆ ಅದನ್ನು ಮಗನಾದ ತಮ್ಮ ಎದೆಗೆ ಚುಚ್ಚಬೇಕು, ಅಪ್ಪನ ಕೊರತೆ ತೀರಬೇಕು ಎಂಬುದು ಮಾವನವರ ಆಸೆ. ಇದೊಂದನ್ನು ಬಿಟ್ಟು ಅವರು ಏನನ್ನೂ ಆಸೆಪಟ್ಟದ್ದು ನಾನು ಕಂಡಿಲ್ಲ.

ಅಲ್ಲಿಯ ತನಕ ಏನು ಮಾಡುವುದು? ವಿಶೇಷ ದಿನಗಳಲ್ಲಿ ಕಪ್ಪು ಕೋಟು ತೊಟ್ಟು ಬಂದು ನನ್ನೆದುರು ನಿಲ್ಲುತ್ತಿದ್ದರು. "ಅರಸರು ಸಿಗೂತನಕ ಹಂಗಾಮಿ ನೀನೇ ಹಾಕವಾ."

ಕೋಟಿಗೆ ತೂತು ಬೀಳುತ್ತದೆಂದು ಅತ್ತೆ ಆ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಹೀಗೆ ಉಡುಪಿಯಲ್ಲಿ ಹುಟ್ಟಿ ಠಾಣೆಯ ವಿಮಾ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುತ್ತಿದ್ದ ನಾನು, ಕಣ್ಣಲ್ಲಿ ನೋಡದ ಒಂದು ಸಂಸ್ಥಾನದ ಹಂಗಾಮಿ ಅರಸು ಆದೆ.

ವಾಚ್‌ಮನ್‌ಗೆ ಸಮಾಧಾನ

ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ನೇಪಾಳದವನು. ಹಿಂದೆ ಅಲ್ಲಿನ ಸೈನ್ಯದಲ್ಲಿದ್ದವನು. ರಾಜನ ಮುದ್ರೆಯಿದ್ದ ಒಂದು ಪದಕ ಅವನ ಟ್ರಂಕಿನಲ್ಲಿತ್ತು. ಹಾಗಾಗಿ ಮಾವನವರಿಗೂ ಅವನಿಗೂ ಒಂಥರಾ ನೆಂಟಸ್ತಿಕೆ.

ನೇಪಾಳದಲ್ಲಿ ರಾಜನನ್ನು ಕೆಳಗಿಳಿಸಿದ ಸುದ್ದಿ ಪೇಪರಿನಲ್ಲಿ ಬಂದ ಬೆಳಿಗ್ಗೆ ಮಾವನವರು ಕಾಫಿ ಅರ್ಧಕ್ಕೇ ಬಿಟ್ಟು ಕೋಟು ಹಾಕಿಕೊಂಡು ಕೆಳಗಿಳಿದರು. ನಾನು ಲೋಕಲ್ ಟ್ರೇನ್ ಹಿಡಿಯಲು ಹೊರಟವಳು ಗೇಟಿನ ಹತ್ತಿರ ನಿಂತೆ. ಸಾವಿನ ಮನೆಗೆ ಹೋದವರ ಹಾಗೆ ಅವನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು.

ಕಡೆಗೆ ಅವನೇ ಕೇಳಿದ, ರಾಜನೇ ಹೋದ ಮೇಲೆ ಆ ಪದಕ ಇಟ್ಟುಕೊಳ್ಳಬಹುದೋ ಇಲ್ಲವೋ ಎಂದು. ಮಾವನವರು ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಅಪ್ಪಣೆ ಕೊಟ್ಟರು: "ರಾಜಾ ಜಾತಾ ಹೈ, ಮೆಡಲ್ ನಹೀಂ ಜಾತಾ. ಸಾಲ್ ಮೇ ಏಕ್ ಬಾರ್ ಇಮಲಿ ಲಗಾಕೇ ಧೋನೇ ಕಾ." ರಾಜ ಹೋದರೂ ಪದಕ ಹೋಗುವುದಿಲ್ಲ, ವರ್ಷಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತೊಳೆದರಾಯಿತು, ಅಷ್ಟೇ.

ಆದರೂ ಅವನ ಮುಖ ಸಪ್ಪಗೇ ಇತ್ತು. ಮಾವನವರು ಎದ್ದು ಹೆಗಲ ಮೇಲೆ ಕೈಯಿಟ್ಟರು. ಅನುಭವಸ್ಥರು ಹೇಳುವ ಹಾಗೆ ಹೇಳಿದರು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಮೊದಲಿನ ಅರವತ್ತು ವರ್ಷ ಸ್ವಲ್ಪ ತ್ರಾಸಾಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಮಾಲ್‌ನ ಬಾಗಿಲಲ್ಲಿ

ಮಾವನವರ ಹುಟ್ಟುಹಬ್ಬಕ್ಕೆ ಚಪ್ಪಲಿ ಕೊಡಿಸಲು ವಾಶಿಯ ಮಾಲ್‌ಗೆ ಕರೆದುಕೊಂಡು ಹೋದೆ. ಹುಟ್ಟುಹಬ್ಬವಾದ್ದರಿಂದ ಪದಕವೂ ಬಂತು. ಬಾಗಿಲಿನ ಯಂತ್ರದೊಳಗೆ ಮಾವನವರು ಕಾಲಿಟ್ಟದ್ದೇ ತಡ, ಅದು ಕಿರುಚಿಕೊಂಡಿತು.

ಸೆಕ್ಯೂರಿಟಿಯವನು ಮರ್ಯಾದೆಯಿಂದಲೇ ಅದನ್ನು ತೆಗೆದು ತಟ್ಟೆಯಲ್ಲಿಡಿ ಎಂದ. ಮಾವನವರು ಒಪ್ಪಲಿಲ್ಲ. ದರ್ಬಾರಿನ ಕಾಯಿದೆ ಪ್ರಕಾರ ಯಾರು ಹಾಕಿದರೋ ಅವರೇ ತೆಗೆಯಬೇಕು, ಮತ್ತೊಬ್ಬರು ಮುಟ್ಟುವ ಹಾಗಿಲ್ಲ ಎಂದು ವಿವರಿಸಿದರು. ಹಿಂದೆ ಕ್ಯೂ ಬೆಳೆಯಿತು. ಒಬ್ಬ ಗೃಹಸ್ಥರು "ಕಾಯ್ ಝಾಲಂ, ಆಜೋಬಾ?" ಎಂದು, ಏನಾಯಿತಜ್ಜಾ ಎಂದು, ಮರಾಠಿಯಲ್ಲಿ ವಿಚಾರಿಸಿದರು. ಅವರಿಗೂ ಸಂಸ್ಥಾನದ ಇತಿಹಾಸ ಮೊದಲಿನಿಂದ ಶುರುವಾಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೆಕ್ಯೂರಿಟಿಯವನು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. ಇವತ್ತು ಬೆಳಿಗ್ಗೆ ಇದನ್ನು ಯಾರು ಹಾಕಿದರು?

ಮಾವನವರು ಸುಳ್ಳು ಹೇಳುವವರಲ್ಲ. ನನ್ನ ಕಡೆ ಕೈ ತೋರಿಸಿ, ಸೊಸೆ ಎಂದು ಒಪ್ಪಿಕೊಂಡರು. "ಬಹೂ ನೇ."

"ತೋ ಬಹೂ ಉತಾರೇಗೀ."

ಹಾಗಾದರೆ ಸೊಸೆಯೇ ತೆಗೆಯಲಿ ಎಂದು ತೀರ್ಪಾಯಿತು, ನಾನು ತೆಗೆದೆ. ಮಾವನವರು ಯಂತ್ರ ದಾಟಿದರು, ಆಚೆ ಕಡೆ ನಾನು ಮತ್ತೆ ಚುಚ್ಚಿದೆ. ಸೆಕ್ಯೂರಿಟಿಯವನು ನನಗೆ ಸೆಲ್ಯೂಟ್ ಹೊಡೆದ.

ತಾಲೀಮು

ಕಡೆಗೂ ಆ ದಿನ ಬಂತು. ಕಲ್ಯಾಣದ ಒಂದು ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಆ ಅರಸರ ಮೊಮ್ಮಗನೇ ಮುಖ್ಯ ಅತಿಥಿ ಎಂದು ತಿಳಿಯಿತು. ಪುಣೆಯಲ್ಲಿ ಸೋಲಾರ್ ಹೀಟರ್ ವ್ಯಾಪಾರ ಮಾಡುವವರಂತೆ. ನನ್ನ ಗಂಡ ಸಂಘದ ಕಾರ್ಯದರ್ಶಿಯನ್ನು ಹಿಡಿದು ಮಾವನವರಿಗೆ ವೇದಿಕೆಯ ಮೇಲೆ ಎರಡು ನಿಮಿಷ ಕೊಡಿಸಿದರು.

ಮನೆಯಲ್ಲಿ ತಾಲೀಮು ಶುರುವಾಯಿತು. ಅರಸರೆದುರು ಮೂರು ಸಲ ಬಾಗಿ ಮುಜರೆ ಮಾಡಬೇಕು, ಪದಕವನ್ನು ರೇಷ್ಮೆ ಕರವಸ್ತ್ರದ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿಯಬೇಕು, ಅರಸರು ಅದನ್ನು ಎದೆಗೆ ಚುಚ್ಚಿದ ಮೇಲೆ ಬೆನ್ನು ತೋರಿಸದೆ ಹಿಂದ ಹಿಂದಕ್ಕೆ ನಡೆದು ಹೊರಬರಬೇಕು. ಅರಸರ ಪಾತ್ರ ನನ್ನದು. ಕಂಪ್ಯೂಟರ್ ಮುಂದಿನ ಗಾಲಿ ಕುರ್ಚಿಯೇ ಸಿಂಹಾಸನ. ಮಾವನವರು ಹಿಂದಕ್ಕೆ ನಡೆದು ಎರಡು ಸಲ ಫ್ರಿಜ್ಜಿಗೆ, ಒಂದು ಸಲ ದೋಸೆ ಹಿಟ್ಟಿನ ಪಾತ್ರೆಗೆ ಬಡಿದರು. ಆದರೂ ಬಿಡಲಿಲ್ಲ.

ಅಷ್ಟರಲ್ಲಿ ಅತ್ತೆ ದೇವಸ್ಥಾನದಿಂದ ಬಂದರು. ಬಾಗಿಲು ತೆರೆದರೆ, ಗಂಡ ಸೊಸೆಗೆ ಮೂರು ಸಲ ಬಗ್ಗಿ ನಮಸ್ಕಾರ ಮಾಡಿ ಹಿಂದಕ್ಕೆ ನಡೆಯುತ್ತಿದ್ದಾರೆ. ಚೀಲ ಕೆಳಗಿಟ್ಟು ಸಾವಕಾಶ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ಮದುವಿ ಆದಾಗಿಂದ ನನಗ ಆಗಲಿಲ್ಲ. ನೀ ಹ್ಯಾಂಗ ಕಲಿಸಿದಿ?"

ಕಡೆಯ ದರ್ಬಾರು

ಅತ್ತೆಗೆ ಮಂಡಿನೋವು, ಬರಲಿಲ್ಲ. ಹಾಲ್‌ನಲ್ಲಿ ಅರಸರ ಮೊಮ್ಮಗ ಜೀನ್ಸ್ ಮೇಲೊಂದು ಕೋಟು ಹಾಕಿಕೊಂಡು ಕೂತಿದ್ದರು, ಪಾಪ, ಒಳ್ಳೆ ನಗುಮುಖದ ಮನುಷ್ಯ. ಅವರಿಗೆ ಸನ್ಮಾನ ಮಾಡುವವರ ಸಾಲು ಉದ್ದವಿತ್ತು. ಒಬ್ಬರು ಶಾಲು ಹೊದಿಸಿದರು, ಒಬ್ಬರು ಪೇಟ ತೊಡಿಸಿದರು, ಒಬ್ಬರು ಹಣ್ಣಿನ ಬುಟ್ಟಿ ಕೊಟ್ಟರು. ಕಾರ್ಯದರ್ಶಿ ಮಾವನವರನ್ನೂ ಅದೇ ಸಾಲಿನ ನಡುವೆ ನಿಲ್ಲಿಸಿಬಿಟ್ಟರು.

ಮಾವನವರ ಸರದಿ ಬಂತು. ಮೂರು ಮುಜರೆ ಆಯಿತು. ಕರವಸ್ತ್ರದ ಮೇಲೆ ಪದಕ ಹಿಡಿದು ಮುಂದೆ ಚಾಚಿದರು. ಇಷ್ಟು ವರ್ಷ ನಗುತ್ತಿದ್ದವಳು ಮೊದಲ ಸಾಲಿನಲ್ಲಿ ಕೈಮುಗಿದು ಕೂತೆ.

ಅರಸರ ಮೊಮ್ಮಗ ಪದಕ ನೋಡಿದರು. ಕೈಮುಗಿದರು. ಶಾಲು ಸರಿಸಿ, ಎದೆ ಮುಂದೆ ಮಾಡಿ, ಹಾಕಿಸಿಕೊಳ್ಳಲು ನಿಂತರು.

ಮಾವನವರು ಕಲ್ಲಾದರು. ತಪ್ಪು ತಿಳಿದಿರಿ ಎಂದು ಅರಸರಿಗೆ ಹೇಳುವ ಪದ್ಧತಿ ಯಾವ ದರ್ಬಾರಿನಲ್ಲೂ ಇಲ್ಲವಲ್ಲ. ಒಂದು ಗಳಿಗೆ ಬಿಟ್ಟು, ಅಪ್ಪನ ಪದಕವನ್ನು ಅವರ ಕೋಟಿಗೆ ಚುಚ್ಚಿದರು. ಸಭೆ ಚಪ್ಪಾಳೆ ತಟ್ಟಿತು. ಮಾವನವರು ತಾಲೀಮಿನ ಪ್ರಕಾರ ಹಿಂದ ಹಿಂದಕ್ಕೆ ನಡೆದು ವೇದಿಕೆ ಇಳಿದರು.

ಸಾಲಿನಲ್ಲಿ ಅವರ ಹಿಂದೆ ಇದ್ದವರು ಠಾಣೆಯ ನೌಪಾಡಾದ ಹೋಟೆಲ್ ಮಾಲಕರು. ಇದೇ ಕ್ರಮವಿರಬೇಕು ಎಂದುಕೊಂಡು ಅವರೂ ಹೂಗುಚ್ಛ ಕೊಟ್ಟು ಹಿಂದಕ್ಕೇ ನಡೆದರು. ಅವರನ್ನು ನೋಡಿ ಮಹಿಳಾ ವಿಭಾಗದವರು. ಆಮೇಲೆ ಖಜಾಂಚಿ, ಹೂವಿನ ಕುಂಡದ ಸಮೇತ. ಕಾರ್ಯಕ್ರಮ ಮುಗಿದಾಗ ಅರಸರ ಮೊಮ್ಮಗ ಎದ್ದರು. ಇದು ಈ ಕಡೆಯ ಸಂಪ್ರದಾಯ ಎಂದೇ ಅವರು ನಂಬಿದ್ದರು. ಸಭೆಗೆ ಕೈಮುಗಿದು, ಬೆನ್ನು ತೋರಿಸದೆ, ಪರದೆಯ ತನಕ ಹಿಂದ ಹಿಂದಕ್ಕೆ ನಡೆದುಹೋದರು. ಎದೆಯ ಮೇಲೆ ನಮ್ಮ ಪದಕ.

ವಾಪಸ್ ಕೇಳೋಣ ಎಂದು ನನ್ನ ಗಂಡ ಎದ್ದರೆ ಮಾವನವರು ತೋಳು ಹಿಡಿದು ಕೂರಿಸಿದರು. ರಿಕ್ಷಾದಲ್ಲಿ ಡೊಂಬಿವಲಿ ಮುಟ್ಟುವ ತನಕ ಖಾಲಿ ಕರವಸ್ತ್ರವನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. ಇನ್ನು ಇವರನ್ನು ಹೇಗೆ ಸಮಾಧಾನ ಮಾಡುವುದಪ್ಪಾ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಅರಸರು ಪದಕ ಹಾಕಿದರೇನು ಎಂದು ಕೇಳಿದರು.

ಮಾವನವರು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ತಿರುಗಿದಾಗ ನೋಡುತ್ತೇನೆ, ಮುಖ ಅರಳಿದೆ. "ಅವರೇನು ಹಾಕತಾರ! ನಾನೇ ಅವರಿಗೆ ಹಾಕಿದೆ. ಅರಸರಿಗೇ ಪದಕ ಕೊಟ್ಟ ಮನಿತನ ಆತು ನಮ್ಮದು. ಹಾಕಿಸಿಕೊಂಡು, ನನಗ ಬೆನ್ನು ತೋರಸದ, ಹಿಂದ ಹಿಂದಕ್ಕ ನಡದು ಹೋದರು."

ಅತ್ತೆ ಅವರನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವರಿಗೂ ನೀನೇ ಕಲಿಸಿದೇನವಾ?"