ಬಾನೆಟ್ ಎತ್ತಿದ ರವಿವಾರ

ಜಗಳ ಹತ್ತಿದ್ದು ಕುರಡಗಿಯಿಂದ. ರವಿವಾರ ಬೆಳಿಗ್ಗೆ ಪವಮಾನ ಮಾಸ್ತರು ಚಹಾದ ಕಪ್ಪು ಹಿಡಿದು ಅಂಗಳಕ್ಕೆ ಬಂದು ನೋಡಿದರೆ, ಅವರ ಹಳೇ ಕಾರಿನ ಬಾನೆಟ್ ಮೇಲೆ ಬಿಳಿ ಧೋತರ ಹಾಸಿತ್ತು. ಧೋತರದ ತುಂಬ ಶಾವಿಗೆ ಸಂಡಿಗೆಯಂಥ ಹಸಿ ಕುರಡಗಿ ಬಿಸಿಲು ಕಾಯುತ್ತಿದ್ದವು. ಧೋತರವೂ ಅವರದೇ.

“ಅಲಕಾ! ಇದು ಕಾರ್ ಅದನೋ, ಮಾಳಗಿ ಅದನೋ?”

“ಕಾರ್ ಆಗಿದ್ರ ಓಡ್ತಿತ್ತು,” ಎಂದು ಅಡಿಗೆಮನೆಯಿಂದ ಹೆಂಡತಿಯ ಉತ್ತರ ಬಂತು. “ಎರಡು ದಸರಾಕ್ಕ ನಿಂತಲ್ಲೇ ಪೂಜಾ ಮಾಡಿಸ್ಕೊಂಡದ. ಇನ್ನ ಸಾಕು. ಗುಜರಿ ಭೀಮಪ್ಪಗ ಬಾ ಅಂತ ಹೇಳೀನಿ. ಸಂಜೀಕೆ ಬರ್ತಾನ.”

ಮಾಸ್ತರಿಗೆ ಚಹಾ ನೆತ್ತಿಗೇರಿತು. ಕೆಮ್ಮಿದರು, ಕೆಂಪಾದರು, ಮತ್ತೆ ಕೆಮ್ಮಿದರು.

ಅವರ ಸಿಟ್ಟಿಗೂ ಅರ್ಥವಿತ್ತು. ಬನಹಟ್ಟಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮನುಷ್ಯ. ಹಗಲೆಲ್ಲ ಮಕ್ಕಳ ಗದ್ದಲ. ಮನೆಗೆ ಬಂದರೆ ಎಡಕ್ಕೂ ಬಲಕ್ಕೂ ಪಾವರ್‌ಲೂಮಿನ ಖಟಪಟ, ಅದರ ಮೇಲೆ ಹೆಂಡತಿಯ ಮಾತು, ಅದೂ ಸಾಲದೆಂದು ಓಣಿಯವರ ಮಾತು. ಇದೆಲ್ಲದರಿಂದ ತಪ್ಪಿಸಿಕೊಳ್ಳಲು ಅವರಿಗೆ ಭೂಮಿಯ ಮೇಲೆ ಇದ್ದದ್ದು ಒಂದೇ ಜಾಗ, ಆ ಕೆಟ್ಟು ನಿಂತ ಕಾರು. ದಿನಾ ಸಂಜೆ ಒಳಗೆ ಕೂತು, ಬಾಗಿಲು ಹಾಕಿಕೊಂಡು, ಒಂದು ತಾಸು ಪೇಪರ್ ಓದುತ್ತಿದ್ದರು. ಓದದ ದಿನ ನಿದ್ದೆ ಹೊಡೆಯುತ್ತಿದ್ದರು. ಯಾರೂ ಮಾತಾಡಿಸುತ್ತಿರಲಿಲ್ಲ. ಆ ಒಂದು ತಾಸಿನ ಬಲದ ಮೇಲೆಯೇ ಮಿಕ್ಕ ದಿನವನ್ನು ಸಹಿಸಿಕೊಂಡು ಬಂದಿದ್ದರು. ಆ ಜಾಗಕ್ಕೇ ಈಗ ಭೀಮಪ್ಪ ಬಂದು ಸರಪಳಿ ಕಟ್ಟಿ ಎಳೆದುಕೊಂಡು ಹೋಗುತ್ತಾನಂತೆ!

“ಓಡಿಸಿ ತೋರಿಸಿದ್ರ?” ಎಂದು ಹಲ್ಲು ಕಡಿದರು.

“ಓಡಿದ್ರ ಇರ್ಲಿ. ಯಾರು ಬ್ಯಾಡಂದಾರ?”

ರವಿವಾರ, ಗ್ಯಾರೇಜು ಬಂದ್. ಗ್ಯಾರೇಜು ಯಾಕೆ ಬೇಕು? ಮೊಬೈಲಿನ ವಿಡಿಯೋದಲ್ಲಿ ಗಡ್ಡದವನೊಬ್ಬ ನಗುನಗುತ್ತ ಹತ್ತೇ ನಿಮಿಷದಲ್ಲಿ ಇದೇ ಕೆಲಸ ಮುಗಿಸಿದ್ದ. ಮಾಸ್ತರು ಪೇಟೆಗೆ ಹೋಗಿ ಹೊಸ ಪ್ಲಗ್ಗು, ಏರ್ ಫಿಲ್ಟರ್, ಇಂಜಿನ್ ಆಯಿಲ್, ಒಂದು ಕ್ಯಾನು ಪೆಟ್ರೋಲು ತಂದರು. ಧೋತರದ ನಾಲ್ಕೂ ಚುಂಗು ಹಿಡಿದು ಕುರಡಗಿಯನ್ನು ಎತ್ತಿ ಕಾರಿನ ಹಿಂದಿದ್ದ ಹೊರಸಿನ ಮೇಲೆ ಇಟ್ಟರು. ಬಾನೆಟ್ ಎತ್ತಿದರು.

ನಮ್ಮ ಕಡೆ ಓಣಿಯಲ್ಲಿ ಬಾನೆಟ್ ಎತ್ತುವುದೆಂದರೆ ಊಟಕ್ಕೆ ಕರೆದ ಹಾಗೆ. ಕರೆಯದೆಯೂ ಬರುತ್ತಾರೆ, ಬಂದವರು ಬಡಿಸುವ ತನಕ ಹೋಗುವುದಿಲ್ಲ. ಮೊದಲು ಬಂದವನು ಎದುರುಮನೆಯ ಹುಲೆಪ್ಪ, ಮಗ್ಗ ರಿಪೇರಿಯ ಮಿಸ್ತ್ರಿ.

“ಮಾಸ್ತರ್ರ, ಪ್ಲಗ್ಗಿನ ವಯರ್ ನಾಕೂ ಒಮ್ಮಿಗೇ ಕೀಳಬ್ಯಾಡ್ರಿ. ಯಾವುದು ಯಾವುದರ್ದು ಅಂತ ಆಮ್ಯಾಲ ತಿಳಿಯಂಗಿಲ್ಲ.”

“ನನಗ ಅಷ್ಟೂ ತಿಳಿಯೂದಿಲ್ಲೇನು? ನೀ ಬಾಯಿ ಮುಚ್ಚು.”

ತಿಳಿದಿತ್ತು ಖರೆ. ಮಗ್ಗದ ಮನೆಗಳ ಮುಂದೆ ಬಿದ್ದ ಬಣ್ಣದ ನೂಲು ಆರಿಸಿ ತಂದು, ಒಂದನೆಯ ವಯರಿಗೂ ಅದು ಕೂರುವ ಜಾಗಕ್ಕೂ ಕೆಂಪು, ಎರಡನೆಯದಕ್ಕೆ ಹಳದಿ, ಹೀಗೆ ನಾಲ್ಕಕ್ಕೂ ಗುರುತು ಕಟ್ಟಿದ್ದರು. ತಮ್ಮ ಜಾಣತನಕ್ಕೆ ತಾವೇ ತಲೆದೂಗಿ, ನಾಲ್ಕೂ ವಯರು ಕಿತ್ತು, ಹೊಸ ಪ್ಲಗ್ಗು ಬಿಗಿದು, ಅವಲಕ್ಕಿ ತಿನ್ನಲು ಒಳಗೆ ಹೋದರು. ಸಿಟ್ಟು ಬಂದವರಿಗೂ ಹಸಿವಾಗುತ್ತದೆ.

ತಿಂದು ಬರುವಷ್ಟರಲ್ಲಿ ಬಗಲಮನೆಯ ಸುಂದರವ್ವ ಇಂಜಿನ್ನಿನ ಮೇಲೆ ಬಗ್ಗಿ ನಿಂತಿದ್ದಳು. ಆ ಮುದುಕಿ ಜೀವಮಾನವೆಲ್ಲ ನೇಯ್ದ ಸೀರೆಯ ಮೇಲಿನ ನೂಲಿನ ಚೂರು ಆರಿಸಿದವಳು. ಬಿಡಿ ನೂಲು ಕಣ್ಣಿಗೆ ಬಿದ್ದರೆ ಅವಳ ಕೈ ಸುಮ್ಮನಿರದು. ಮದುವೆಯಲ್ಲಿ ಬೀಗರ ಅಂಗಿಯಿಂದಲೂ ಎಳೆ ಕಿತ್ತು ಗಲಾಟೆ ಮಾಡಿಸಿದವಳು. ಈಗ ಅವಳ ಮುಷ್ಟಿಯೊಳಗೆ ಕೆಂಪು, ಹಳದಿ, ಹಸಿರು, ನೀಲಿ ಎಲ್ಲ ಉಂಡೆಯಾಗಿ ಕೂತಿದ್ದವು.

“ನಿನ್ನ ಇಂಜಿನ್ನಿಗೆ ಭಾಳ ನೂಲು ಸಿಕ್ಕಿತ್ತೋ ನನ್ನಪ್ಪ. ಅದಕ್ಕಽ ಕೆಟ್ಟಿತ್ತು ನೋಡು. ಗಂಟು ಬಿಚ್ಚಿ ಎಲ್ಲಾ ಸ್ವಚ್ಛ ಮಾಡೇನಿ. ಇನ್ನ ಚಾಲೂ ಮಾಡು.”

 ತಾಯಿಯ ವಯಸ್ಸಿನವಳು, ಬೈಯುವಂತಿಲ್ಲ. ಆದ್ದರಿಂದ ಮಾಸ್ತರು ಹುಲೆಪ್ಪನ ಮೇಲೆ ಹರಿಹಾಯ್ದರು. “ನೋಡ್ಕೋತ ನಿಂತಿದ್ದೆಲ್ಲ, ಹೇಳ್ಲಿಕ್ಕೆ ಬಾಯಿ ಇರ್ಲಿಲ್ಲೇನು ನಿನಗ?”

“ಬಾಯಿ ಮುಚ್ಚು ಅಂದಿದ್ರೆಲ್ಲರಿ, ಮುಚ್ಚಿದ್ದೆ.”

ನಾಲ್ಕು ವಯರು, ನಾಲ್ಕು ಜಾಗ. ಜೋಡಿಸುವ ರೀತಿ ಇಪ್ಪತ್ತನಾಲ್ಕು. ಈ ಲೆಕ್ಕ ಮುಂದೆ ಜೀವನದಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಮಾಸ್ತರು ಪ್ರತಿ ವರ್ಷ ವರ್ಗದಲ್ಲಿ ಹೇಳುತ್ತಿದ್ದರು. ಇವತ್ತು ಮೊದಲ ಸಲ ಬಂತು, ಬಂದದ್ದು ಅವರಿಗೆ ಸ್ವಲ್ಪವೂ ಸೇರಲಿಲ್ಲ.

ಕಾರಿನ ಬ್ಯಾಟರಿ ಎಂದೋ ಸತ್ತಿತ್ತು. ಓಣಿಯ ತುದಿಯಲ್ಲಿದ್ದ ಶಿದ್ರಾಮಪ್ಪ, ಬೆಲ್ಲದ ಗಾಣದ ಮಾಲಕ, ಯಾರೂ ಕೇಳದಿದ್ದರೂ ತನ್ನ ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ತಂದ. ಅಲ್ಲಿಂದ ಮುಂದೆ ಮಾಸ್ತರು ತಮ್ಮ ಕಾರಿನ ಇಂಜಿನ್ನಿನ ಹತ್ತಿರವೂ ಸುಳಿಯದಂತಾಯಿತು. ಅವರು ಕೀಲಿ ತಿರುಗಿಸಬೇಕು, ಇವರಿಬ್ಬರೂ ವಯರು ಬದಲಿಸಬೇಕು, ನಡುವೆ ಜಗಳಾಡಬೇಕು.

“ಖಟಕ್ ಪಟಕ್ ಅಂತ ತಾಳ ಹತ್ತಬೇಕ್ರಿ, ಮಗ್ಗದಂಗ,” ಎಂದ ಹುಲೆಪ್ಪ.

“ಮಗ್ಗಾ ಏನ್ ಓಡತೈತೇನಲೇ? ನಿಂತಲ್ಲೇ ಬಡಕೊಂತೈತಿ. ಗಾಣದ ಇಂಜಿನ್ ನೋಡು. ಡುಗುಡುಗು ಡುಗುಡುಗು ಅನಬೇಕು.”

“ನಿನ್ನ ಗಾಣಾ ಏನ್ ದಿನಾ ತೇರದಾಳಕ್ಕ ಹೋಗಿ ಬರತೈತೇನು?”

ಮಾತು ಮುಗಿಯುವ ಮೊದಲೇ ಮಾಸ್ತರು ರೇಗಿ ಕೀಲಿ ತಿರುವಿದರು. ಢಂ! ಸೈಲೆನ್ಸರಿನೊಳಗೆ ಎರಡು ವರ್ಷ ಕೂತಿದ್ದ ಮಸಿ ಒಮ್ಮೆಲೇ ಹೊರಗೆ ಹಾರಿ ಹೊರಸಿನ ಮೇಲೆ ಇಳಿಯಿತು. ಕುರಡಗಿ ಕಾಗೆಗೂಡಿನ ಹಾಗೆ ಕಾಣತೊಡಗಿದವು. ಅಲಕಾ ಹೊರಗೆ ಬಂದು ನೋಡಿದಳು. ಅವಳ ಧ್ವನಿ ಭಯಂಕರ ಮೆತ್ತಗಿತ್ತು.

“ಅವನ್ನ ಅಲ್ಲೆ ಯಾರು ಇಟ್ಟಾರ?”

ಹುಲೆಪ್ಪ, ಶಿದ್ರಾಮಪ್ಪ ಇಬ್ಬರೂ ಆ ದಿನ ಮೊದಲ ಸಲ ಒಮ್ಮತಕ್ಕೆ ಬಂದು ಮಾಸ್ತರ ಕಡೆ ಬೆರಳು ತೋರಿಸಿದರು.

ಮಾಸ್ತರ ತಲೆಯೊಳಗೆ ಏನೋ ಕಡಿದುಹೋಯಿತು. ಕಾರಿನಿಂದ ಹಾರಿ ಇಳಿದು ಕೈಗೆ ಸಿಕ್ಕ, ಪ್ಲಗ್ಗು ಬಿಚ್ಚುವ ಪಾನಾ ಬೀಸಿ ಒಗೆದರು. ಅದು ಹೋಗಿ ಗಟಾರಿನೊಳಗೆ ಮುಳುಗಿತು. “ನಡೀರಿ! ಎಲ್ಲಾರೂ ನಡೀರಿ ಇಲ್ಲಿಂದ! ಇದು ನನ್ನ ಕಾರ್! ಕೆಡಸ್ತೀನಿ, ಸುಡ್ತೀನಿ, ನನ್ನ ಮರ್ಜಿ! ಒಬ್ಬರಾದ್ರೂ ನನಗ ಸುಮ್ಮನಿರ್ಲಿಕ್ಕೆ ಬಿಡ್ತೀರೇನು?”

ಯಾರೂ ಹೋಗಲಿಲ್ಲ. ಬೇಜಾರೂ ಮಾಡಿಕೊಳ್ಳಲಿಲ್ಲ.

“ಬಿಸಲಾಗ ನಿಂತು ತಲಿ ಕಾದೈತಿ ಪಾಪ,” ಎಂದಳು ಸುಂದರವ್ವ. “ಅವಗ ಒಂದೀಟು ನೀರ ಕೊಡ್ರಿ.”

ಆ ನೀರು ಕುಡಿಯುವಾಗ ಮಾಸ್ತರಿಗೆ ಬಂದ ಸಿಟ್ಟು ಬೆಳಗಿನಿಂದ ಬಂದ ಸಿಟ್ಟನ್ನೆಲ್ಲ ಮೀರಿಸಿತ್ತು. ಆದರೂ ಕುಡಿದರು, ಮತ್ತೆ ಕೀಲಿ ತಿರುವಿದರು. ಬಿಸಿಲು ವಾಲುವ ಹೊತ್ತಿಗೆ ಟ್ರ್ಯಾಕ್ಟರಿನ ಬ್ಯಾಟರಿಯೂ ಸೋತಿತು. ಸೋಲುವ ಮುನ್ನ ಇಂಜಿನ್ನು ಒಂದು ಕ್ಷಣ ನೆಟ್ಟಗೆ ಉಸಿರಾಡಿದ್ದನ್ನು ಹುಲೆಪ್ಪನ ಕಿವಿ ಹಿಡಿದಿತ್ತು.

“ಇದಽ ಖರೆ ಜೋಡಣಿ. ಇನ್ನ ವಯರ್ ಮುಟ್ಟಬ್ಯಾಡ್ರಿ. ದಬ್ಬಿದ್ರ ಚಾಲೂ ಆಕೈತಿ.”

ದಬ್ಬಲು ಮೂವರು ಗಂಡಸರೂ ಬೇಕಾಗಿತ್ತು. ಆದ್ದರಿಂದ ಸ್ಟೇರಿಂಗ್ ಹಿಂದೆ ಅಲಕಾ ಕೂತಳು. “ನೆಟ್ಟಗ ಹಿಡಿ,” ಎಂದರು ಮಾಸ್ತರು. “ನಾ ‘ಬಿಡು’ ಅಂದಾಗ ಕ್ಲಚ್ ಬಿಡು. ಬ್ಯಾರೇ ಏನೂ ಮುಟ್ಟಬ್ಯಾಡ.” ದಬ್ಬಲು ಹೋದರೆ ಕಾರು ಜಾಸ್ತಿ ಭಾರವೆನ್ನಿಸಿತು. ನೋಡಿದರೆ ಹಿಂದಿನ ಸೀಟಿನಲ್ಲಿ ಸುಂದರವ್ವ ಆರಾಮಾಗಿ ಕೂತಿದ್ದಳು. ಒಳಗೆ ನೆರಳಿದೆಯಂತೆ.

“ಬಿಡು!”

ಕಾರು ಸೀನಿತು, ಜಿಗಿಯಿತು, ಆಮೇಲೆ ನಿಜವಾಗಿಯೂ ಓಡಿತು. ದಬ್ಬುತ್ತಿದ್ದ ಮಾಸ್ತರು ಮುಗ್ಗರಿಸಿ ಬೀಳುವುದರಲ್ಲಿದ್ದರು. ಒಂದು ಚಪ್ಪಲಿ ಬಿಟ್ಟು, “ಬ್ರೇಕ್! ಬ್ರೇಕ್!” ಎಂದು ಕೂಗುತ್ತ ಬೆನ್ನು ಹತ್ತಿದರು. ಕಾರು ಓಣಿಯ ತುದಿಯ ಹನುಮಪ್ಪನ ಗುಡಿಯ ಮುಂದೆ ಶಿಸ್ತಾಗಿ ನಿಂತಿತು. ಇಂಜಿನ್ನು ಬಂದ್ ಆಗಿರಲಿಲ್ಲ. ಅಲಕಾಳ ಕಣ್ಣು ಹೊಳೆಯುತ್ತಿದ್ದವು.

“ರೀ, ಓಡ್ತು! ನಾನಽ ಹೊಡದೆ! ಗೇರ್ ತಗದು ಬ್ರೇಕ್ ಒತ್ತಿದೆ. ಇಷ್ಟು ವರ್ಷ ಬಾಜೂಕ ಕೂತು ನೋಡೀನೆಲ್ಲ!”

ಮಾಸ್ತರು ಅಲ್ಲೇ ಗುಡಿಯ ಕಟ್ಟೆಯ ಮೇಲೆ ಕುಸಿದರು. ಬೆಳಗಿನಿಂದ ಮೊದಲ ಸಲ ಅವರ ಮುಖದ ಮೇಲೆ ನಗು ಬಂತು. ಕಾರು ಉಳಿಯಿತು. ನಾಳೆ ಸಂಜೆ ಪೇಪರ್, ಬಾಗಿಲು ಹಾಕಿಕೊಂಡು.

ಅಷ್ಟರಲ್ಲಿ ಮೋಟಾರ್‌ಸೈಕಲ್ ಮೇಲೆ ಗುಜರಿ ಭೀಮಪ್ಪ ಬಂದ. ಟೆಂಪೋ ಇಲ್ಲ, ಸರಪಳಿ ಇಲ್ಲ.

“ತಡಾ ಮಾಡಿ ಬಂದಿ ಭೀಮಪ್ಪ,” ಎಂದರು ಮಾಸ್ತರು ಎದೆಯುಬ್ಬಿಸಿ. “ಚಾಲೂ ಆಗೇದ. ಇನ್ನ ಕೊಡೂದಿಲ್ಲ.”

“ಅಯ್ಯ, ಒಯ್ಯಾಕ ಯಾರು ಬಂದಾರ್ರಿ?” ಎಂದ ಭೀಮಪ್ಪ. “ನನ್ನ ಹಿತ್ತಲದಾಗ ಕಾಲಿಡಾಕ ಜಾಗಾ ಇಲ್ಲ. ಮುಂದಿನ ದಸರಾ ತನಕ ಅಲ್ಲೇ ನಿಲ್ಲಲಿ, ಯಾರೂ ಮುಟ್ಟಬ್ಯಾಡ್ರಿ ಅಂತ ಅಲಕಾ ವೈನಿಗೆ ಹೇಳಿ ಹೋಗೂನು ಅಂತ ಬಂದಿದ್ದೆ.”

ಮಾಸ್ತರ ಉಬ್ಬಿದ ಎದೆ ಇಳಿಯಿತು. ಅಂದರೆ ಬೆಳಿಗ್ಗೆ ಚಹಾ ಕುಡಿದು ಸುಮ್ಮನೆ ಒಳಗೆ ಹೋಗಿದ್ದರೆ ಸಾಕಿತ್ತು. ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.

ಹುಲೆಪ್ಪ ಕಾರಿನ ಬೆನ್ನು ತಟ್ಟಿದ. “ಬರೂ ರವಿವಾರ ತೇರದಾಳದಾಗ ನಮ್ಮ ಮಂದಿ ಮದಿವಿ ಐತ್ರಿ. ಇದರಾಗಽ ಹೋಗೂನು. ಇದು ಈಗ ನಿಮ್ಮೊಬ್ಬರ ಕಾರ್ ಅಲ್ರಿ, ಓಣಿ ಕಾರ್.”

“ಅದಕಿಂತ ಮೊದಲ ಸೋಮಾರ ನನ್ನ ಲೋಕಾಪುರಕ್ಕ ಬಿಟ್ಟು ಬರ್ರಿ,” ಎಂದ ಶಿದ್ರಾಮಪ್ಪ.

“ನನ್ನ ಜಮಖಂಡಿಗೆ ಕರಕೊಂಡು ಹೋಗೋ ನನ್ನಪ್ಪ, ಕಣ್ಣು ತೋರಸಬೇಕು,” ಎಂದು ಸುಂದರವ್ವ ಒಳಗಿನಿಂದಲೇ ಕೂಗಿದಳು.

“ತಡೀರಿ,” ಎಂದಳು ಅಲಕಾ ಗಟ್ಟಿಯಾಗಿ. “ಹಗಲೊತ್ತು ಏನರೆ ಮಾಡ್ಕೋರಿ. ಸಂಜೀಕೆ ಮಾತ್ರ ಈ ಕಾರ್ ಯಾರಿಗೂ ಕೊಡೂದಿಲ್ಲ.”

ಮಾಸ್ತರ ಕಣ್ಣು ತುಂಬಿ ಬಂತು. ಎಷ್ಟಾದರೂ ಕೈಹಿಡಿದವಳು, ತನ್ನ ಮನಸ್ಸು ಇವಳಿಗಲ್ಲದೆ ಇನ್ಯಾರಿಗೆ ತಿಳಿಯಬೇಕು!

“ದಿನಾ ಸಂಜೀಕೆ ಒಂದು ತಾಸು ಇವರು ನನಗ ಡ್ರೈವಿಂಗ್ ಕಲಸ್ತಾರ,” ಎಂದು ಅವಳು ಮುಂದುವರಿಸಿದಳು. “ಹೆಂಗೂ ಅದರಾಗಽ ಕೂತಿರ್ತಾರೆಲ್ಲ. ಹತ್ತರಿ, ಇವತ್ತಽ ಸುರು ಮಾಡೂಣು.”

ಮಾಸ್ತರನ್ನು ಪಕ್ಕದ ಸೀಟಿಗೆ ದಬ್ಬಿದರು. ಹಿಂದೆ ಸುಂದರವ್ವನ ಎಡಬಲಕ್ಕೆ ಹುಲೆಪ್ಪ, ಶಿದ್ರಾಮಪ್ಪ ತುರುಕಿಕೊಂಡರು. ತಾಳ ಸರಿ ಇಲ್ಲವೆಂದು ಒಬ್ಬ, ಡುಗುಡುಗು ಸಾಲದೆಂದು ಇನ್ನೊಬ್ಬ ಶುರುಮಾಡಿದರು. ಮಾಸ್ತರು ಹಲ್ಲು ಕಡಿಯುತ್ತ ಕಿಟಕಿಯ ಗಾಜು ಪೂರ್ತಿ ಏರಿಸಿದರು. ಮಾತಾಡುವವರೆಲ್ಲ ಒಳಗೇ ಇದ್ದರು.